ಓರಗಿತ್ತಿಯ ಲಿನಕ್ಸ್

ನಾನು ಮದುವೆಯಾಗಿ ತಿ. ನರಸೀಪುರದ ಮನೆಗೆ ಬಂದಾಗ ಆ ಬೀದಿಗೆಲ್ಲ ನಾನೊಬ್ಬಳೇ ಇಂಜಿನಿಯರು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಿ, ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಾರ್ಖಾನೆಗೆ ಸೇರಿದ್ದೆ. ಎಷ್ಟು ಕಾಗದದ ಸುರುಳಿ ಬಂತು, ಯಾವ ಅಳತೆಯ ಪೆಟ್ಟಿಗೆ ಎಷ್ಟು ಹೋಯಿತು ಅನ್ನುವುದನ್ನೆಲ್ಲ ಇಟ್ಟುಕೊಳ್ಳುವ ಸ್ಟೋರ್ಸಿನ ಡೇಟಾಬೇಸ್ ನನ್ನ ಸುಪರ್ದಿಯಲ್ಲಿತ್ತು. ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ವಾಪಸು. ಮಾವನವರು ಮನೆಗೆ ಬಂದವರಿಗೆಲ್ಲ ನಮ್ಮ ಸೊಸೆ ಕಂಪ್ಯೂಟರ್ ಇಂಜಿನಿಯರು ಅಂತ ಹೇಳಿದ ಮೇಲೆಯೇ ಕಾಫಿ ತರಿಸುತ್ತಿದ್ದರು. ನಾನು ಕೇಳಿಸದವಳ ಹಾಗೆ ಒಳಗೆ ಹೋಗುತ್ತಿದ್ದೆ. ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದೆ.

ಮೂರು ವರ್ಷ ಹೀಗೇ ನಡೆಯಿತು. ಆಮೇಲೆ ಮೈದುನನಿಗೆ ಮದುವೆಯಾಯಿತು. ಅವನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ. ಹುಡುಗಿ ದೇವನೂರಿನವಳು. ಪಿಯುಸಿ ಓದಿದ್ದಳು, ಟೈಪಿಂಗಿನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಸೀನಿಯರ್ ಪಾಸು. ಬಂದ ಹೊಸದರಲ್ಲಿ ಮೈ ಬಗ್ಗಿಸಿ ಕೆಲಸ ಮಾಡಿಕೊಂಡು, ಮಾತಿಗೊಮ್ಮೆ ಅಕ್ಕ ಅಕ್ಕ ಅನ್ನುತ್ತಿದ್ದಳು. ನನಗೆ ಅವಳು ಇಷ್ಟವಾಗಿದ್ದಳು. ಬರೀ ಪಿಯುಸಿ ಓದಿದವಳು ಅನ್ನುವುದೂ ಆ ಇಷ್ಟದಲ್ಲಿ ಸೇರಿತ್ತು ಅಂತ ಈಗ ಗೊತ್ತಾಗುತ್ತದೆ.

ಎರಡು ತಿಂಗಳಿಗೆ ಅವಳು ಅಂಗಡಿಯಲ್ಲಿ ಕೂರಲು ಶುರುಮಾಡಿದಳು. ಅರ್ಜಿ, ಕರಾರು ಪತ್ರ, ಅಫಿಡವಿಟ್ಟು, ಎಲ್ಲ ಟೈಪು ಮಾಡಿಕೊಡುತ್ತಿದ್ದಳು. ಮೈದುನ ಒಂದು ಅಸೆಂಬಲ್ಡ್ ಕಂಪ್ಯೂಟರ್ ತಂದಿಟ್ಟ. ಜನ ತರುವ ಫ್ಲಾಪಿಗಳಿಂದ ಅದಕ್ಕೆ ವಾರಕ್ಕೊಂದು ವೈರಸ್ಸು. ಭಾನುವಾರ ನಾನು ಹೋಗಿ ಎಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಕೊಡಬೇಕಿತ್ತು. ಅವಳು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ನಾನು ಏನು ಒತ್ತುತ್ತೇನೆ ಅಂತ ನೋಡುತ್ತಿದ್ದಳು.

ಆ ಕಾಲಕ್ಕೆ ಕಂಪ್ಯೂಟರ್ ಪತ್ರಿಕೆಗಳ ಜೊತೆ ಸಿ.ಡಿ. ಬರುತ್ತಿತ್ತು. ಮೈಸೂರಿನಲ್ಲಿ ಒಂದು ಸಲ, ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಲಿನಕ್ಸಿನ ಸಿ.ಡಿ. ಇದ್ದ ಸಂಚಿಕೆ ತಂದೆ. ವೈರಸ್ಸಿನ ಕಾಟ ಇರುವುದಿಲ್ಲ, ಯಾರ ಅಪ್ಪಣೆಯೂ ಬೇಡ, ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಿಕೊಳ್ಳಬಹುದು ಅಂತೆಲ್ಲ ಅದರಲ್ಲಿ ಬರೆದಿದ್ದರು. ಕಾರ್ಖಾನೆಯ ಒಂದು ಖಾಲಿ ಮಿಷನ್ನಿಗೆ ಎರಡು ದಿನ ಹಾಕಿ ನೋಡಿದೆ. ಬರೀ ಕಪ್ಪು ಪರದೆ. ಮೌಸು ಅಲ್ಲಾಡಲಿಲ್ಲ, ಚಿತ್ರ ಬರಲಿಲ್ಲ. ನಮ್ಮಂಥ ಕಡೆಗೆ ಇದು ಆಗುವುದಲ್ಲ ಅಂದುಕೊಂಡು ಪತ್ರಿಕೆಯ ಸಮೇತ ಸಿ.ಡಿ.ಯನ್ನು ಮನೆಗೆ ತಂದು ಟಿ.ವಿ. ಮೇಲೆ ಬಿಸಾಕಿದೆ. ಅವಳು ತಗೊಳ್ಳಲಾ ಅಂತ ಕೇಳಿದಾಗ, ತಗೋ, ಅದು ಕೆಲಸಕ್ಕೆ ಬರಲ್ಲ ಅಂದೆ.

ಮೂರು ವಾರ ಕಳೆದು ಅಂಗಡಿಗೆ ಹೋದರೆ ಆ ಕಪ್ಪು ಪರದೆ ಅಲ್ಲಿತ್ತು. ಕನ್ನಡ ಟೈಪಿಂಗಿಗೆ ವಿಂಡೋಸನ್ನು ಡಿಸ್ಕಿನ ಅರ್ಧದಲ್ಲಿ ಉಳಿಸಿಕೊಂಡು, ಇನ್ನರ್ಧಕ್ಕೆ ಲಿನಕ್ಸ್ ಹಾಕಿದ್ದಳು. ಮೌಸು ಅವಳಿಗೂ ಬಂದಿರಲಿಲ್ಲ. ಬರದಿದ್ದರೆ ಬೇಡ ಅಂತ ಬಿಟ್ಟಿದ್ದಳು. ಟೈಪಿಸ್ಟಿಗೆ ಮೌಸು ಯಾಕೆ? ಆ ಪತ್ರಿಕೆ ತೊಡೆಯ ಮೇಲೆ, ಕಣ್ಣು ಪತ್ರಿಕೆಯ ಮೇಲೆ, ಹತ್ತು ಬೆರಳೂ ಕೀಲಿಮಣೆಯ ಮೇಲೆ. ಒಂದೊಂದು ಆಜ್ಞೆಯನ್ನೂ ಟೈಪಿಂಗ್ ಪರೀಕ್ಷೆಯ ಹಾಗೆ ತಪ್ಪಿಲ್ಲದೆ ಹೊಡೆಯುತ್ತಿದ್ದಳು. ಇಂಜಿನಿಯರಾದ ನಾನು ಅವತ್ತಿಗೂ ಎರಡು ಬೆರಳಲ್ಲಿ ಹುಡುಕಿ ಹುಡುಕಿ ಕುಟ್ಟುವವಳು.

"ಇದ್ರಲ್ಲಿ ತಪ್ಪು ಮಾಡುದ್ರೆ ಎಲ್ಲಿ ತಪ್ಪಾಯ್ತು ಅಂತ ಅದೇ ಏಳ್ತದೆ ಕಣಕ್ಕ," ಅಂದಳು. "ಅದ್ರಲ್ಲಿ ಸುಮ್ನೆ ನಿಂತೋಯ್ತಿತ್ತು."

ಚೆನ್ನಾಗಿದೆ ಅಂದೆ. ಮನೆಗೆ ನಡೆದು ಬರುವಾಗ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಬೆಳಿಗ್ಗೆ ತಿಂದ ಬೋಂಡ ಅಂತ ನನಗೆ ನಾನೇ ಹೇಳಿಕೊಂಡೆ.

ಮುಂದಿನ ವರ್ಷ ಅವಳು ಡೇಟಾಬೇಸ್ ಮಾಡಿದಳು. ಹೋದ ವರ್ಷ ಅರ್ಜಿ ಬರೆಸಿದವರು ಈ ವರ್ಷ ಮತ್ತೆ ಬಂದು, ಹಳೆಯ ಕಾಗದ ಕಳೆದುಹೋಯಿತು ಅನ್ನುತ್ತಿದ್ದರು. ಯಾರಿಗೆ ಏನು ಟೈಪು ಮಾಡಿದ್ದು, ಯಾವ ಊರು, ಯಾವ ಫೈಲಿನಲ್ಲಿದೆ ಅಂತ ಅವಳು ಒಂದು ಪಟ್ಟಿ ಮಾಡಿಟ್ಟು, ಹೆಸರು ಹೇಳಿದ ಕೂಡಲೆ ತೆಗೆದುಕೊಡಲು ಶುರುಮಾಡಿದಳು. ಒಂದು ಶನಿವಾರ ಅದನ್ನು ನನಗೆ ತೋರಿಸಿದಳು. ನಾನು ತಪ್ಪು ಹುಡುಕುವುದಕ್ಕೇ ಕೂತೆ, ಸಿಕ್ಕಿತು. ಇಂಗ್ಲಿಷ್ ಅಕ್ಷರಗಳಲ್ಲಿ ದೇವನೂರನ್ನು ಅವಳು ನಾಲ್ಕು ಥರ ಬರೆದಿದ್ದಳು. ಆ ಊರಿನವರ ಅರ್ಜಿ ತೆಗಿ ಅಂದರೆ ಅರ್ಧವೂ ಬರುತ್ತಿರಲಿಲ್ಲ.

"ನಿನ್ನ ತವರಿನ ಹೆಸರೇ ನಿನಗೆ ನೆಟ್ಟಗೆ ಬರೆಯೋಕೆ ಬರಲ್ವಲ್ಲ," ಅಂದೆ. ಅಂಗಡಿಯಲ್ಲಿ ನಾಲ್ಕೈದು ಜನ ಇದ್ದರು. ಒಬ್ಬರು ನಕ್ಕರು. ಅವಳ ಮುಖ ಕೆಂಪಗಾಯಿತು. ಊರುಗಳನ್ನು ಬೇರೆ ಪಟ್ಟಿ ಮಾಡಿ, ಒಂದೊಂದು ಊರಿಗೆ ಒಂದು ನಂಬರು ಕೊಟ್ಟು, ಅರ್ಜಿಗಳ ಪಟ್ಟಿಯಲ್ಲಿ ಆ ನಂಬರು ಮಾತ್ರ ಇಡಬೇಕು ಅನ್ನುವ ಪಾಠವನ್ನು ಕಾಲೇಜಿನ ಮೇಷ್ಟರ ಧಾಟಿಯಲ್ಲಿ ಹೇಳಿ ಎದ್ದು ಬಂದೆ. ಅವತ್ತು ಮನಸ್ಸಿಗೆ ತುಂಬಾ ಹಾಯೆನಿಸಿತು. ಮರುವಾರ ನೋಡಿದರೆ ಊರಿಗಷ್ಟೇ ಅಲ್ಲ, ಅರ್ಜಿಯ ಬಗೆಗೂ, ಕಚೇರಿಗಳಿಗೂ ಬೇರೆ ಬೇರೆ ಪಟ್ಟಿ ಮಾಡಿ ನಂಬರು ಕೊಟ್ಟಿದ್ದಳು. ಅಕ್ಕ ಹೇಳಿಕೊಟ್ಟಿದ್ದು ಅಂತ ಬಂದವರಿಗೆಲ್ಲ ಹೇಳುತ್ತಿದ್ದಳಂತೆ. ಅದನ್ನು ಕೇಳಿ ನನಗೆ ಇನ್ನೂ ಸಿಟ್ಟು ಬಂತು.

ಮನೆಯಲ್ಲಿ ಮಾತು ಬದಲಾಗಿದ್ದನ್ನು ನಾನು ಊಟದ ಹೊತ್ತಿನಲ್ಲಿ ಗಮನಿಸಿದೆ. ಮಾವನವರು ಮೊದಲು ನನ್ನನ್ನು ಕೇಳುತ್ತಿದ್ದ ಪ್ರಶ್ನೆಗಳನ್ನು ಅವಳನ್ನು ಕೇಳತೊಡಗಿದ್ದರು. ಅತ್ತೆ ಒಂದು ದಿನ ಸಾರು ಬಡಿಸುತ್ತಾ, ದೊಡ್ಡವಳು ಓದಿ ಕಲಿತಳು, ಚಿಕ್ಕವಳು ಓದದೇ ಕಲಿತಳು ಅಂದರು. ಅವರಿಗೆ ಇಬ್ಬರನ್ನೂ ಹೊಗಳಿದ ಹಾಗಿತ್ತು. ಆ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಮಗುಚಿ ಹಾಕಿದೆನೋ ಲೆಕ್ಕವಿಲ್ಲ. ಹೈಸ್ಕೂಲು ಮೇಷ್ಟರಾಗಿದ್ದ ನಮ್ಮವರ ಹತ್ತಿರ ಹೇಳಿಕೊಂಡರೆ, ನೀನು ನಿನ್ನ ಕೆಲಸ ನೋಡಿಕೋ, ಅವಳು ಅವಳದು ನೋಡಿಕೊಳ್ಳಲಿ ಅಂದುಬಿಟ್ಟರು.

ನಾನೊಂದು ಉಪಾಯ ಮಾಡಿದೆ. ಕ್ಯಾಮೆರಾ ಇರುವ ಮೊಬೈಲು ಆಗತಾನೆ ಬಂದಿತ್ತು. ಯಾರನ್ನೂ ಕೇಳದೆ ಮೈಸೂರಿಗೆ ಹೋಗಿ ಒಂದು ತಂದೆ. ಬೀದಿಯವರೆಲ್ಲ ನೋಡಲು ಬಂದರು. ಎದುರು ಮನೆಯ ಅಜ್ಜಿ ತನ್ನ ಫೋಟೋ ತೆಗೆಸಿಕೊಂಡು, ಅದನ್ನು ಫೋನಿನಿಂದ ಹೊರಗೆ ತೆಗೆದುಕೊಡು ಅಂತ ಕೂತರು. ಐದಾರು ದಿನ ಆ ಮನೆಯಲ್ಲಿ ನಾನು ಮತ್ತೆ ಹಿರಿಸೊಸೆಯಾಗಿದ್ದೆ. ಭಾನುವಾರ ಅವಳು ಒಂದು ಗಂಟೆ ಕೊಡಿ ಅಂತ ಫೋನು ಇಸಿದುಕೊಂಡು ಹೋದಳು. ಅದಕ್ಕೆ ಕೇಬಲ್ ಸಿಕ್ಕಿಸಿ, ಲಿನಕ್ಸಿನಲ್ಲಿ ಏನೇನೋ ಬರೆದು, ಅಂಗಡಿಯ ಕಂಪ್ಯೂಟರಿಗೆ ಫೋನಿನ ಮೂಲಕ ಇಂಟರ್‌ನೆಟ್ ತರಿಸಿದ್ದಳು. ಅಜ್ಜಿಯ ಫೋಟೋವನ್ನೂ ಪ್ರಿಂಟು ಹಾಕಿಕೊಟ್ಟಳು. ಫೋನು ನನ್ನದು. ಅಜ್ಜಿ ಹರಸಿದ್ದು ಅವಳನ್ನು.

ಇಷ್ಟಾದ ಮೇಲೆ ಕಾರ್ಖಾನೆಯ ವಿಷಯ ಬಂತು.

ನಮ್ಮ ಸ್ಟೋರ್ಸಿನ ಡೇಟಾಬೇಸ್ ಇದ್ದದ್ದು ಬಹಳ ಹಳೆಯ ಒಂದು ಮಿಷನ್ನಿನಲ್ಲಿ. ಅದರ ಪ್ರೋಗ್ರಾಮು ಬರೆದವರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ಅದು ನಡೆಯುತ್ತಿರಲಿಲ್ಲ. ದಿನಾ ಸಂಜೆ ಟೇಪಿಗೆ ಅದರ ನಕಲು ತೆಗೆದಿಡುವುದು ನನ್ನ ಕೆಲಸವೇ ಆಗಿತ್ತು. ಕೆಲವು ತಿಂಗಳಿಂದ ಟೇಪು ಹಾಳಾಗಿದ್ದನ್ನು ನಾನು ಗಮನಿಸಿರಲಿಲ್ಲ. ಒಂದು ಸೋಮವಾರ ಮಿಷನ್ನು ಮೇಲೇಳಲಿಲ್ಲ. ಯಾವ ಸುರುಳಿ ಎಲ್ಲಿದೆಯೆಂದು ತಿಳಿಯದೆ ಸ್ಟೋರ್ಸಿನವರು ಪರದಾಡಿದರು. ಮ್ಯಾನೇಜರು ಬಯ್ಯಲಿಲ್ಲ, ಒಂದು ವಾರದಲ್ಲಿ ಏನಾದರೂ ಮಾಡಿ ಅಂದರು.

ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ ನಟಿಸುವ ತಂತ್ರ ಬಂದಿದೆ, ಅದನ್ನು ವರ್ಚುವಲ್ ಮಿಷನ್ ಅನ್ನುತ್ತಾರೆ ಅಂತ ಓದಿದ್ದೆ. ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಒಂದೇ ಫೈಲಾಗಿ ನಕಲು ಮಾಡಿ ಅದರೊಳಗೆ ಎಬ್ಬಿಸಿದರೆ, ಹಳೆಯ ಪ್ರೋಗ್ರಾಮಿಗೆ ತಾನು ಹಳೆಯ ಮನೆಯಲ್ಲೇ ಇದ್ದೇನೆ ಅನಿಸಬೇಕು. ಆದರೆ ನಕಲು ಮಾಡುವಾಗ ಡಿಸ್ಕಿನ ಹಾಳಾದ ಜಾಗ ಬಂದ ಕೂಡಲೆ ಎಲ್ಲ ನಿಂತುಹೋಗುತ್ತಿತ್ತು. ಗುರುವಾರದ ಹೊತ್ತಿಗೆ ನನಗೆ ಊಟ ಸೇರುತ್ತಿರಲಿಲ್ಲ. ನಮ್ಮವರು ತಮ್ಮನಿಗೆ ಹೇಳಿದರು, ತಮ್ಮ ಹೆಂಡತಿಗೆ ಹೇಳಿದ.

ಅವಳು ಬಂದು, "ಆ ಡಿಸ್ಕ್ ತಂದ್ಬುಡಿ ಅಕ್ಕ, ಒಂದ್ಸಲ ನೋಡುವ," ಅಂದಳು.

ಬೇಡ ಅನ್ನಲು ಬಾಯಿ ತೆರೆದೆ. ಆದರೆ ಗತಿ ಇರಲಿಲ್ಲ. ಮ್ಯಾನೇಜರನ್ನು ಕೇಳಿ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಭಾನುವಾರ ಅಂಗಡಿ ಮುಚ್ಚಿ ಅವಳು ಬೆಳಿಗ್ಗೆಯೇ ಕೂತಳು. ಹಾಳಾದ ಜಾಗ ಬಂದರೆ ಅದನ್ನು ಖಾಲಿ ಬಿಟ್ಟು ಮುಂದಕ್ಕೆ ಹೋಗುವಂತೆ ಲಿನಕ್ಸಿನಲ್ಲಿ ಒಂದೇ ಸಾಲು ಬರೆದಳು. ಮಧ್ಯಾಹ್ನದವರೆಗೆ ಡಿಸ್ಕು ಕಿರಕಿರ ಅನ್ನುತ್ತಿತ್ತು. ಅವಳು ಪಕ್ಕದಲ್ಲೇ ಅವರೆಕಾಯಿ ಸುಲಿದಳು. ಮೂರು ಗಂಟೆಯ ಹೊತ್ತಿಗೆ ಅಂಗಡಿಯ ಪರದೆಯ ಮೇಲೆ ಒಂದು ಕಿಟಕಿ ತೆರೆದು, ಅದರೊಳಗೆ ನಾನು ಎಂಟು ವರ್ಷ ದಿನಾ ನೋಡಿದ ಹಸಿರು ಅಕ್ಷರಗಳು ಮೂಡಿದವು. ಸುರುಳಿ, ಅಳತೆ, ಕಪಾಟಿನ ನಂಬರು, ಎಲ್ಲ ಇತ್ತು. ಅವಳು ನನ್ನ ಕೈ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಒಳಗೆ ಮಾತ್ರ, ಇದು ಆಗದೇ ಹೋಗಿದ್ದರೆ ಚೆನ್ನಾಗಿತ್ತು ಅಂತ ಒಂದು ಕ್ಷಣ ನಿಜವಾಗಿ ಅನಿಸಿತು. ಕೆಲಸ ಹೋದರೂ ಚಿಂತೆಯಿಲ್ಲ, ಇವಳ ಕೈಯಲ್ಲಿ ಆಗಬಾರದಿತ್ತು ಅನ್ನುವಂಥ ಹೊಟ್ಟೆಕಿಚ್ಚು.

ಸೋಮವಾರ ಕಾರ್ಖಾನೆಯ ಹೊಸ ಕಂಪ್ಯೂಟರಿನಲ್ಲಿ ಅದನ್ನು ಎಬ್ಬಿಸಿ ತೋರಿಸಿದೆ. ಮ್ಯಾನೇಜರು ಕುರ್ಚಿ ಎಳೆದುಕೊಂಡು ಕೂತು ನೋಡಿದರು. ಇದನ್ನು ಯಾರ ಹತ್ತಿರ ಮಾಡಿಸಿದಿರಿ ಅಂತ ಕೇಳಿದರು.

"ನಾನೇ ಮಾಡಿದೆ ಸಾರ್," ಅಂದೆ.

ಮೊದಲೇ ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಗೆ ಅದೇ ಬಂತು, ಬಂದ ಮೇಲೆ ತಿದ್ದಲಿಲ್ಲ. ತಿಂಗಳ ಮೀಟಿಂಗಿನಲ್ಲಿ ಎಲ್ಲರ ಮುಂದೆ ಒಂದು ಶಾಲು ಹೊದಿಸಿದರು. ಆ ಶಾಲನ್ನು ಮನೆಯಲ್ಲಿ ಬೀರುವಿನ ತಳದಲ್ಲಿ ಹಳೆಯ ಸೀರೆಗಳ ಕೆಳಗಿಟ್ಟೆ.

ಹದಿನೈದು ದಿನವೂ ಆಗಿರಲಿಲ್ಲ. ಒಂದು ಸಂಜೆ ಬಸ್ಸಿಳಿದು ಮನೆಗೆ ಬಂದರೆ ಅವಳು ಜಗುಲಿಯ ಮೇಲೆ ಕೂತಿದ್ದಳು. ನಿಮ್ಮ ಮ್ಯಾನೇಜರು ಮನೆಗೆ ಫೋನು ಮಾಡಿದ್ದರು, ನೀವು ಇನ್ನೂ ಮನೆ ಮುಟ್ಟಿಲ್ಲ ಅಂತ ಗೊತ್ತಿರಲಿಲ್ಲವಂತೆ ಅಂದಳು. ನಿಮ್ಮ ಅಕ್ಕ ಒಬ್ಬರೇ ಕೂತು ಕಾರ್ಖಾನೆ ಉಳಿಸಿದರು, ಶಾಲು ಚೆನ್ನಾಗಿತ್ತಾ ಅಂತ ಕೇಳಿದರಂತೆ.

"ನೀನೇನಂದೆ?" ಅಂದೆ.

"ಊಂ ಅಂದೆ. ಇನ್ನೇನನ್ನಲಿ?" ಅಂದಳು. "ನನ್ನ ಎಸ್ರು ಒಂದು ಮಾತು ಏಳಿದ್ರೆ ನಿಮ್ಗೇನು ಕಮ್ಮಿಯಾಗ್ತಿತ್ತು?" ಅಂತ ಕೇಳಿದಳು.

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವತ್ತಿನಿಂದ ಅವಳು ನನ್ನನ್ನು ಅಕ್ಕ ಅನ್ನುವುದು ನಿಲ್ಲಿಸಿದಳು. ಏನಾದರೂ ಬೇಕಾದರೆ ಅತ್ತೆಯ ಮೂಲಕ ಹೇಳಿಸುತ್ತಿದ್ದಳು. ಅವಳು ಯಾರಿಗೂ ದೂರು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ನಾನು ಹಗುರಾಗುತ್ತಿದ್ದೆ.

ನಾಲ್ಕು ತಿಂಗಳ ಮೇಲೆ ಕಾರ್ಖಾನೆಯ ಉಳಿದ ಹಳೆಯ ಮಿಷನ್ನುಗಳನ್ನೂ ಹೀಗೇ ವರ್ಚುವಲ್ ಮಾಡಿಬಿಡಿ ಅಂತ ಮ್ಯಾನೇಜರು ಹೇಳಿದರು. ಪುಸ್ತಕ ನೋಡಿಕೊಂಡು ಎರಡು ಮಾಡಿದೆ. ಮೂರನೆಯದು ಕೈ ಕೊಟ್ಟಿತು. ಅವತ್ತು ಅವರ ಕೋಣೆಗೆ ಹೋಗಿ, ಮೊದಲನೆಯದನ್ನು ಮಾಡಿದ್ದು ನಾನಲ್ಲ, ನನ್ನ ಓರಗಿತ್ತಿ ಅಂತ ಹೇಳಿದೆ. ಒಳ್ಳೆಯತನದಿಂದ ಹೇಳಿದೆ ಅಂತ ಬರೆದರೆ ಸುಳ್ಳಾದೀತು. ಅರ್ಧ ನಾಚಿಕೆ, ಅರ್ಧ ದಾರಿ ಕಾಣದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅವತ್ತೇ ಹೇಳಬಹುದಿತ್ತಲ್ಲಮ್ಮ ಅಂದರು. ಅವರನ್ನು ಕರೆದುಕೊಂಡು ಬನ್ನಿ, ಕೆಲಸ ಕೊಡೋಣ ಅಂದರು.

ಮನೆಗೆ ಬಂದು ಅಡುಗೆಮನೆಯಲ್ಲಿ ಎಲ್ಲರ ಮುಂದೆಯೇ ಹೇಳಿದೆ. ಶಾಲನ್ನು ತಂದು ಅವಳ ಮುಂದಿಟ್ಟೆ. ಅವಳು ಶಾಲು ಮುಟ್ಟಲಿಲ್ಲ, ಅತ್ತೆಗೆ ಕೊಡಿ, ಚಳಿಗಾಗುತ್ತದೆ ಅಂದಳು. ಕೆಲಸಕ್ಕೂ ಸೇರುವುದಿಲ್ಲ ಅಂದಳು. ಅಂಗಡಿ ಬಿಟ್ಟು ಬರಲಾರೆ, ವಾರಕ್ಕೊಂದು ದಿನ ಬಂದು ಮಾಡಿಕೊಡುತ್ತೇನೆ, ಬಿಲ್ಲು ಅಂಗಡಿಯ ಹೆಸರಿಗಿರಲಿ ಅಂತ ತಾನೇ ಮ್ಯಾನೇಜರಿಗೆ ಫೋನು ಮಾಡಿ ಹೇಳಿದಳು. ಅವರು ಒಪ್ಪಿದರು.

ಹಾಗೆ ಪ್ರತಿ ಗುರುವಾರ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ನಂಜನಗೂಡಿಗೆ ಹೋಗತೊಡಗಿದೆವು. ಅವಳು ಬಂದರೆ ಮ್ಯಾನೇಜರು ಎದ್ದು ನಿಲ್ಲುತ್ತಿದ್ದರು. ನನಗೆ ಯಾವತ್ತೂ ನಿಂತವರಲ್ಲ. ಅವಳು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತಿದ್ದೆ, ಕಲಿತೆ ಕೂಡ. ಕಲಿತಷ್ಟೂ ಉರಿ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಎಷ್ಟು ಚೆನ್ನಾಗಿ ಮಾಡುತ್ತಾಳೆ ಅನ್ನುವುದು ಇನ್ನೂ ಸ್ಪಷ್ಟವಾಗಿ ಕಾಣಿಸತೊಡಗಿತು, ಅಷ್ಟೇ. ಮೂರನೆಯ ತಿಂಗಳೋ ನಾಲ್ಕನೆಯದೋ ಅವಳ ಬಾಯಲ್ಲಿ ಮತ್ತೆ ಅಕ್ಕ ಅಂತ ಬಂತು.

ಒಂದು ಗುರುವಾರ ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಅವಳು ಕಿಟಕಿಯ ಕಡೆ ಕೂತಿದ್ದಳು. ಸುಮಾರು ದೂರ ಬಂದ ಮೇಲೆ ಅವಳೇ ಶುರುಮಾಡಿದಳು. ಮದುವೆಯಾಗಿ ಬಂದ ಹೊಸದರಲ್ಲಿ ತಾನು ಹುರುಳಿಕಾಯಿ ಹೆಚ್ಚುತ್ತಾ ಕೂತಿರುವಾಗ ನಾನು ಹೆಗಲಿಗೆ ಬ್ಯಾಗು ಹಾಕಿಕೊಂಡು ಬಸ್ಸಿಗೆ ಹೊರಡುತ್ತಿದ್ದೆನಂತೆ. ಅದನ್ನು ನೋಡಿ ದಿನಾ ಹೊಟ್ಟೆ ಉರಿದುಕೊಳ್ಳುತ್ತಿದ್ದಳಂತೆ. ಬಸ್ಸು ತಪ್ಪಿಹೋಗಲಿ ಅಂತ ದೇವರಿಗೆ ಕೈ ಮುಗಿದದ್ದೂ ಉಂಟಂತೆ.

ಎಷ್ಟು ಖುಷಿಯಾಯಿತು ಅಂದರೆ, ಇನ್ನೊಂದು ಸಲ ಹೇಳು ಅನ್ನಬೇಕೆನಿಸಿತು. ಎಷ್ಟು ದಿನ ಹಾಗನಿಸಿತ್ತು, ಯಾವ ಸೀರೆ ಉಟ್ಟಾಗ ಜಾಸ್ತಿ ಅನಿಸುತ್ತಿತ್ತು ಅಂತ ಒಂದೊಂದಾಗಿ ಕೇಳಿದೆ. ಅವಳು ನಗುತ್ತಾ ಹೇಳಿದಳು.

"ಈಗ?" ಅಂದೆ.

"ಈಗ ಇಲ್ಲ ಅಕ್ಕ. ಯಾವತ್ತೋ ಓಯ್ತು ಅದು," ಅಂದಳು.

ಅದಕ್ಕೂ ನನಗೆ ಹೊಟ್ಟೆ ಉರಿಯಿತು.