ನೆಂಟರಿಲ್ಲದ ಊರು ಹುಡುಕುತ್ತ

ಹೋದ ವರ್ಷ ಯುಗಾದಿ ಮುಗಿದ ಮರುವಾರದ ಮಾತು. ಅಕ್ಕೋಳದಲ್ಲಿ ನನ್ನ ಅಣ್ಣನ ಮಗಳ ಮದುವೆ ಇತ್ತು. ಐನಾಪುರದ ನಮ್ಮ ತೋಟದಲ್ಲಿ ದ್ರಾಕ್ಷಿ ಕೊಯ್ಲು ಮುಗಿದಿತ್ತು. ಬಳ್ಳಿ ಕತ್ತರಿಸುವ ಮುಂಚೆ ಕೆಲವು ದಿನ ಅದನ್ನು ಸುಮ್ಮನೆ ಬಿಡುತ್ತಾರೆ. ದ್ರಾಕ್ಷಿ ಬೆಳೆಯುವವರಿಗೆ ವರ್ಷದಲ್ಲಿ ಉಸಿರು ಬಿಡಲು ಸಿಗುವುದು ಅದೊಂದೇ ಹೊತ್ತು. ಔಷಧ ಹೊಡೆಯುವ ಕೆಲಸವಿಲ್ಲ, ಮೋಡ ಕಂಡರೆ ಎದೆ ಹೊಡೆದುಕೊಳ್ಳುವುದೂ ಇಲ್ಲ.

ಒಂದು ಸಂಜೆ ತೋಟಕ್ಕೆ ಚಹಾ ತೆಗೆದುಕೊಂಡು ಹೋಗಿದ್ದೆ. ನಮ್ಮವರು ಬಳ್ಳಿಯ ಕೆಳಗೆ ಟವೆಲ್ ಹಾಸಿಕೊಂಡು ಕೂತಿದ್ದರು. ಅವರ ಹೆಸರು ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ, ಓದುವವರು ಕ್ಷಮಿಸಬೇಕು. ಚಹಾ ಕುಡಿಯುತ್ತ ಅವರು ಇದ್ದಕ್ಕಿದ್ದಂತೆ, "ಬಳ್ಳಿಗೆ ವಿಶ್ರಾಂತಿ ಕೊಡತೀವಿ. ನಿನಗ ಯಾವಾಗ ಕೊಟ್ಟೀನಿ?" ಎಂದರು.

ನನಗೆ ನಗು ಬಂತು. "ನನಗೂ ಔಷಧ ಹೊಡದ ಬಿಡ್ರಿ, ಸಾಕು" ಎಂದೆ.

ಅವರು ನಗಲಿಲ್ಲ. "ಅಕ್ಕೋಳಕ್ಕ ಹೊಂಟೀವೆಲ್ಲ, ಒಂದ ದಿನ ಮೊದಲ ಹೋಗೂಣು. ದಾರ್‍ಯಾಗ ಎಲ್ಲೆರ ಉಳಿಯೂಣು. ನಾವಿಬ್ಬರ" ಎಂದರು.

ನಾವಿಬ್ಬರೇ ಎನ್ನುವ ಮಾತು ಕೇಳಿ ನನ್ನ ಕಿವಿ ಬಿಸಿಯಾಯಿತು. ನಮ್ಮದು ದೊಡ್ಡ ಮನೆ. ಅತ್ತೆ, ಇಬ್ಬರು ಮೈದುನರು, ಅವರ ಹೆಂಡಂದಿರು, ಮಕ್ಕಳು, ಆಳುಗಳು. ನಾನು ಹಿರಿಯ ಸೊಸೆ. ಮದುವೆಯಾಗಿ ಇಪ್ಪತ್ತೈದು ವರ್ಷ ದಾಟಿತ್ತು, ಮಗಳ ಮದುವೆಯೂ ಆಗಿತ್ತು. ಆದರೂ ಹಗಲು ಹೊತ್ತಿನಲ್ಲಿ ಗಂಡನ ಜೊತೆ ಕೂತು ಮಾತಾಡಿದ್ದು ಕಡಿಮೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮಲ್ಲಿ ಗಂಡಸರದ್ದು ಮೊದಲ ಪಂಕ್ತಿ, ಮಕ್ಕಳದ್ದು ಆಮೇಲೆ, ಹೆಂಗಸರದ್ದು ಕೊನೆಗೆ. ಹಾಗಾಗಿ ಜಗಳವಾಡಲೂ ನಮಗೆ ಪುರಸೊತ್ತು ಸಿಕ್ಕಿರಲಿಲ್ಲ.

ಅಂದಿನಿಂದ ನಮ್ಮ ಕಳ್ಳ ಯೋಜನೆ ಶುರುವಾಯಿತು. ದನದ ಕೊಟ್ಟಿಗೆಯಲ್ಲಿ ಅರ್ಧ ಮಾತು, ನೀರಿನ ಟ್ಯಾಂಕಿನ ಹತ್ತಿರ ಉಳಿದರ್ಧ. ನಮ್ಮ ಕಡೆ ಒಂದು ಪದ್ಧತಿ ಇದೆ. ಊರಲ್ಲಿ ನೆಂಟರಿದ್ದೂ ಲಾಡ್ಜಿನಲ್ಲಿ ಇಳಿದರೆ ಅವರ ಮುಖಕ್ಕೆ ಹೊಡೆದಂತೆ. ಅದು ಕೊನೆಯವರೆಗೂ ಮಾತಾಗಿ ಉಳಿಯುತ್ತದೆ. ಆದ್ದರಿಂದ ನಮಗೆ ಬೇಕಾದದ್ದು ಕೆರೆಯಲ್ಲ, ಬೆಟ್ಟವಲ್ಲ, ನೆಂಟರೇ ಇಲ್ಲದ ಒಂದು ಊರು. ಕಾಗವಾಡದಲ್ಲಿ ಅವರ ಸೋದರಮಾವ. ಉಗಾರದಲ್ಲಿ ನನ್ನ ಚಿಕ್ಕಮ್ಮ. ರಾಯಬಾಗದಲ್ಲಿ ಅವರ ಅಕ್ಕ, ಅದೂ ದಾರಿಗೇ ಮನೆ. ತೆಲಸಂಗದ ಕಡೆ ಹೋಗೋಣವೆಂದರೆ ದಾರಿ ಉಲ್ಟಾ, ಅಲ್ಲೂ ಬೀಗರು. ನಿಪ್ಪಾಣಿಯಂತೂ ನನ್ನ ತವರಿನವರದೇ. ಕೊನೆಗೆ ಉಳಿದದ್ದು ಚಿಕ್ಕೋಡಿ ಪೇಟೆ. ಅವರ ದೊಡ್ಡವ್ವ ಗಂಗವ್ವನ ಮನೆ ಆ ಕಡೆಯೇ ಇತ್ತಾದರೂ ಪೇಟೆಯಲ್ಲಲ್ಲ, ನಾಲ್ಕಾರು ಮೈಲಿ ಆಚೆಯ ಹಳ್ಳಿಯಲ್ಲಿ.

"ಅಲ್ಲಿ ಹೋಗಿ ಏನ ಮಾಡೂದ್ರಿ?" ಎಂದು ಕೇಳಿದೆ.

"ಏನೂ ಮಾಡೂದಿಲ್ಲ. ಬ್ಯಾರೆಯವರ ಕಬ್ಬ ನೋಡಿಕೋತ ಕೂಡೂದು. ನೀರ ಹಾಯಿಸೂದ ಅಲ್ಲ, ಬರೇ ನೋಡೂದು" ಎಂದರು. "ನಿನಗೇನ ಬೇಕ ಹೇಳ."

"ಮುಂಜಾನಿ ನಾ ಇನ್ನೂ ಹಾಸಗ್ಯಾಗ ಇರಬೇಕ್ರಿ. ಯಾರರ ಚಾ ತಂದ ಕೊಡಬೇಕು" ಎಂದೆ.

ಆಮೇಲೆ ಎಷ್ಟೋ ಮಧ್ಯಾಹ್ನ ರೊಟ್ಟಿ ಬಡಿಯುತ್ತ ಬಡಿಯುತ್ತ ನಾನು ಮನಸ್ಸಿನಲ್ಲೇ ಆ ಲಾಡ್ಜಿನ ಕೋಣೆಗೆ ಹೋಗಿ ಬರುತ್ತಿದ್ದೆ. ಕಿಟಕಿಗೆ ತೆಳುವಾದ ಪರದೆ, ಹೊರಗೆ ಯಾರದೋ ಊರಿನ ಗದ್ದಲ, ನನ್ನನ್ನು ಕರೆಯುವವರು ಯಾರೂ ಇಲ್ಲ. ತವೆಯ ಮೇಲೆ ರೊಟ್ಟಿ ಕರಕಾಗುತ್ತಿತ್ತು. ತಂಗಿಯರು, ಅಂದರೆ ನನ್ನ ಓರಗಿತ್ತಿಯರು, "ಅಕ್ಕಾರ ಲಕ್ಷ್ಯ ಈಗಾಗಲೇ ಮದವಿ ಮನ್ಯಾಗ ಐತಿ" ಎಂದು ನಗುತ್ತಿದ್ದರು.

ಹೊರಡುವ ದಿನ ಬೆಳಿಗ್ಗೆ ಅತ್ತೆ, "ಅರಿಷಿಣಕ್ಕ ಇನ್ನೂ ಎರಡ ದಿನ ಐತಿ, ಇಷ್ಟ ಲಗೂನ ಯಾಕ?" ಎಂದರು. ನಮ್ಮವರು ಚಪ್ಪಲಿ ಮೆಟ್ಟುತ್ತ, "ಆಕಿ ತವರಮನಿ ಕೆಲಸ ಯವ್ವಾ, ಮುಂದ ನಿಂದರಬೇಕಾಗತೈತಿ" ಎಂದು ಹೇಳಿ ಮೋಟರ್ ಸೈಕಲ್ ಚಾಲು ಮಾಡಿದರು.

ಅಂದು ಅವರು ಹೆಲ್ಮೆಟ್ ಹಾಕಿದ್ದು ಪೊಲೀಸರಿಗೆ ಹೆದರಿ ಅಲ್ಲ, ನೆಂಟರಿಗೆ ಹೆದರಿ. ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡೆ. ಉಗಾರ ದಾಟಿ ಕುಡಚಿಯ ಸೇತುವೆ ಮೇಲೆ ಬಂದಾಗ ಕೃಷ್ಣೆಯ ನೀರು ಕಡಿಮೆಯಾಗಿ, ಮರಳಿನ ನಡುವೆ ನಿಧಾನಕ್ಕೆ ಹರಿಯುತ್ತಿತ್ತು. ಗಾಳಿ ತಂಪಾಗಿತ್ತು. ನಾನು ಅವರ ಹೆಗಲ ಮೇಲೆ ಕೈ ಇಟ್ಟೆ. ಹಗಲಿನಲ್ಲಿ, ತೆರೆದ ರಸ್ತೆಯಲ್ಲಿ ಹಾಗೆ ಕೈ ಇಟ್ಟದ್ದು ಅದೇ ಮೊದಲು. ಅವರು ಗಾಡಿ ನಿಧಾನ ಮಾಡಿದರು. ಆದರೆ ರಾಯಬಾಗದಲ್ಲಿ ಅವರ ಅಕ್ಕನ ಮನೆಯ ಮುಂದೆ ಮಾತ್ರ ಎಂಥ ವೇಗದಲ್ಲಿ ಹೋದರೆಂದರೆ, ನನ್ನ ಮಡಿಲಲ್ಲಿದ್ದ ಮದುವೆಯ ಉಡುಗೊರೆ ಸೀರೆಯ ಚೀಲ ಹಾರಿ ಹೋಗುವುದರಲ್ಲಿತ್ತು. ಇಬ್ಬರೂ ಊರು ದಾಟಿದ ಮೇಲೆ ಗಾಡಿ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಚಿಕ್ಕೋಡಿಯಲ್ಲಿ ಲಾಡ್ಜ್ ಸಿಕ್ಕಿತು. ಕೋಣೆ ಸಣ್ಣದು, ಚೊಕ್ಕವಾಗಿತ್ತು. ಪರದೆ ನಾನು ಎಣಿಸಿದ್ದಕ್ಕಿಂತ ದಪ್ಪ, ಅಷ್ಟೇ. ನಾನು ಮಂಚದ ಮೇಲೆ ಕಾಲು ಚಾಚಿ ಕೂತೆ. ಕೆಳಗಿನಿಂದ ಚಹಾ ಬಂತು. ಅದರಲ್ಲಿ ಅರ್ಧ ಕುಡಿದಿದ್ದೆನೋ ಇಲ್ಲವೋ, ಬಾಗಿಲು ಬಡಿದ ಸದ್ದು. ತೆರೆದರೆ ದೊಡ್ಡವ್ವನ ಮಗ ಬಾಳಾಸಾಬ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ!

"ಏನಣ್ಣಾ, ನಾವೇನ ಸತ್ತೀವೇನ? ಮನಿ ಇದ್ದಾಂವ ಲಾಡ್ಜಿನಾಗ ಇಳದಿ?"

ಆಮೇಲೆ ತಿಳಿಯಿತು. ಕೆಳಗೆ ಹೆಸರು ಬರೆದುಕೊಳ್ಳುವಾತ, "ಯಾವ ಊರ್ರಿ?" ಎಂದು ಕೇಳಿದ್ದಾನೆ. ನಮ್ಮವರು ಐನಾಪುರ ಎಂದಿದ್ದಾರೆ. "ಐನಾಪುರದಾಗ ಯಾರ ಪೈಕಿ?" ಎಂದಿದ್ದಾನೆ. ನಮ್ಮ ಕಡೆಯ ಗಂಡಸಿಗೆ ಯಾರ ಪೈಕಿ ಎಂದು ಕೇಳಿದರೆ ಮುಗಿಯಿತು. ಬಾಯಿ ಮುಚ್ಚಿಕೊಂಡರೆ ಅಪ್ಪನಿಗೆ ಅವಮಾನ. ಇವರು ಅಜ್ಜನಿಂದ ಹಿಡಿದು, ತಾಯಿಯ ತವರು, ದೊಡ್ಡವ್ವನ ಮನೆ ಎಲ್ಲ ಹೇಳಿ ಮೇಲೆ ಬಂದಿದ್ದಾರೆ. ಆತ ದೊಡ್ಡವ್ವನ ಊರಿನವನೇ. ಫೋನು ಹೋಗಿದೆ. ಬಾಳಾಸಾಬ ಪೇಟೆಯಲ್ಲೇ ಇದ್ದ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನೋಣವೆಂದರೆ ದೈವದ್ದೇನೂ ತಪ್ಪಿರಲಿಲ್ಲ.

ದೊಡ್ಡವ್ವನ ಮನೆಯಲ್ಲಿ ಆದರ ದೊಡ್ಡದಾಗಿತ್ತು. ಕಾಲಿಗೆ ನೀರು ಕೊಟ್ಟರು, ಕುಂಕುಮ ಹಚ್ಚಿದರು. ಇವರು ಪಡಸಾಲೆಯಲ್ಲಿ ಗಂಡಸರ ನಡುವೆ ಕೂತು ಕಬ್ಬಿನ ತೂಕದ ಮಾತಿಗೆ ಶುರುವಿಟ್ಟರು. ನನ್ನನ್ನು ಅಡುಗೆಮನೆಗೆ ಕರೆದೊಯ್ದರು. ಬರಿಗೈಲಿ ಕೂರುವುದು ಹೇಗೆ? ಸೆರಗು ಸಿಕ್ಕಿಸಿ ನಾನೂ ರೊಟ್ಟಿ ಬಡಿಯಲು ಕೂತೆ. ಮೊದಲ ರೊಟ್ಟಿ ತವೆಗೆ ಹಾಕಿದಾಗ ಗೊತ್ತಾಯಿತು, ನಾನು ಬಿಟ್ಟು ಬಂದ ಜಾಗಕ್ಕೇ ಬಂದು ಕೂತಿದ್ದೇನೆ ಎಂದು. ಇನ್ನು ಇಂಥ ದಿನ ಸಿಗುವುದಿಲ್ಲ. ಬಳ್ಳಿ ಕತ್ತರಿಸುವ ಚಾಟಣಿ ಶುರುವಾದರೆ ಇವರಿಗೆ ಪುರಸೊತ್ತಿಲ್ಲ, ಮುಂದಿನ ವರ್ಷಕ್ಕೆ ಇನ್ಯಾವುದೋ ಅಡ್ಡ ಬರುತ್ತದೆ. ಕಣ್ಣೀರು ತಡೆಯಲು ಆಗಲಿಲ್ಲ.

ದೊಡ್ಡವ್ವ ನೋಡಿದರು. "ಯಾಕ ಸುಶೀಲಾ?"

"ಹೊಗಿ ಬಂತ್ರಿ ದೊಡ್ಡವ್ವಾರ."

"ಗ್ಯಾಸಿನ ಒಲ್ಯಾಗ ಎಲ್ಲೀ ಹೊಗಿ ಬೇ?"

ಸೊಸೆಯನ್ನು ಏನೋ ನೆಪ ಹೇಳಿ ಹೊರಗೆ ಕಳಿಸಿ ಅವರು ನನ್ನ ಪಕ್ಕ ಕೂತರು. ನಾನು ಎಲ್ಲ ಹೇಳಿಬಿಟ್ಟೆ. ಬಳ್ಳಿಯ ವಿಶ್ರಾಂತಿ, ರಾಯಬಾಗದಲ್ಲಿ ಓಡಿಸಿದ ಗಾಡಿ, ಅರ್ಧ ಕುಡಿದ ಚಹಾ, ಎಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲು ಬಾಯಿಗೆ ಸೆರಗು ಒತ್ತಿ ನಕ್ಕರು. ಆಮೇಲೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ನಿಮ್ಮ ದೊಡ್ಡಪ್ಪ ಹೋಗೂ ಮುಂದ ನಾವಿಬ್ಬರ ಮಿರಜ ದವಾಖಾನ್ಯಾಗ ಇದ್ದಿವಿ" ಎಂದರು. "ಆವಾಗ ಮಾತಾಡಿದಷ್ಟ ನಾವು ಜನ್ಮದಾಗ ಮಾತಾಡಿರಲಿಲ್ಲ. ಎಷ್ಟ ಚಲೋ ಮಾತಾಡತಿದ್ದಾ ನನ್ನ ಗಂಡ! ನನಗ ಗೊತ್ತ ಇರಲಿಲ್ಲ. ನೀವು ದವಾಖಾನಿತನಕ ಯಾಕ ಕಾಯಬೇಕ ಮಗಳ?"

ಎದ್ದವರೇ ಬುತ್ತಿ ಕಟ್ಟಿದರು. ಪಡಸಾಲೆಗೆ ಹೋಗಿ ಇವರಿಗೆ, "ಏಳೋ ತಮ್ಮಾ. ಇಕಿನ್ನ ಕರಕೊಂಡ ನಮ್ಮ ತ್ವಾಟದ ಮನಿಗೆ ಹೋಗು" ಎಂದರು. ಬಾಳಾಸಾಬ, "ಊಟ ಆಗಲಿ ಬೇ ಯವ್ವಾ, ನಾನೂ ಜೋಡಿ ಹೋಗತೀನಿ" ಎಂದ. "ನೀ ನಾಳಿ ಮುಂಜಾನಿತನಕ ಆ ಹಾದಿ ಹಿಡದರ ಕಾಲ ಮುರೀತೀನಿ ನೋಡ" ಎಂದು ದೊಡ್ಡವ್ವ ಗದರಿದರು. ಗಂಡಸರಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಆ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ.

ತೋಟದ ಮನೆಯ ಸುತ್ತ ಕಬ್ಬು. ಬೇವಿನ ಮರದ ಕೆಳಗೆ ಒಂದು ಹಗ್ಗದ ಹೊರಸು, ಪಕ್ಕದಲ್ಲಿ ನೀರಿನ ಕಾಲುವೆ. ಮಧ್ಯಾಹ್ನದ ಬಿಸಿಲು ಗರಿಗಳ ಮೇಲೆ ಬಿದ್ದು ಇಡೀ ತೋಟ ತೂಕಡಿಸುತ್ತಿತ್ತು. ನಾನು ಬುತ್ತಿ ಬಿಚ್ಚಿ ಇವರಿಗೆ ಬಡಿಸಿ, ನೀರಿನ ತಂಬಿಗೆ ಹಿಡಿದು ನಿಂತೆ.

"ನೀನೂ ಉಣ್ಣಾಕ ಕೂಡ."

"ನಿಮ್ಮದ ಆಗಲಿರಿ."

"ಇಲ್ಲಿ ಯಾರದಾರ? ಕೂಡ ಅಂದ್ನೆಲ್ಲ."

ಕೂತೆ. ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಇಟ್ಟುಕೊಂಡು ಉಣ್ಣತೊಡಗಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಇವರು ಊಟ ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ. ನನಗೆ ನಾಚಿಕೆಯಾಯಿತು.

"ಏನ ನೋಡಾಕತ್ತೀರಿ?"

"ನೀ ಉಣ್ಣೂದ ನಾ ಇಲ್ಲೀತನಕ ನೋಡೇ ಇಲ್ಲಲ್ಲ" ಎಂದರು.

ಲೆಕ್ಕ ಹಾಕಿದರೆ ನಿಜ. ಮದುವೆಯ ದಿನ ಶಾಸ್ತ್ರಕ್ಕೆ ಬಾಯಿಗೆ ತುತ್ತಿಟ್ಟದ್ದು ಬಿಟ್ಟರೆ, ಇಷ್ಟು ವರ್ಷದಲ್ಲಿ ನಾನು ಉಣ್ಣುವುದನ್ನು ಅವರು ಕಂಡಿರಲಿಲ್ಲ.

"ಇಷ್ಟ್ಯಾಕ ಗಡಿಬಿಡಿ ಮಾಡಿ ಉಣಾಕತ್ತಿ? ಯಾರ ಬರವರದಾರ?" ಎಂದರು.

ನನ್ನ ಕೈ ನೋಡಿಕೊಂಡೆ. ಅವರು ಅರ್ಧ ರೊಟ್ಟಿ ಮುಗಿಸುವಷ್ಟರಲ್ಲಿ ನನ್ನದು ಎರಡಾಗಿತ್ತು. ಯಾರಾದರೂ ಕರೆಯುತ್ತಾರೆ, ಏಳಬೇಕಾಗುತ್ತದೆ ಎಂಬ ಭಯದಲ್ಲೇ ನಾನು ಇಷ್ಟು ವರ್ಷ ಉಂಡಿದ್ದೆ. ಅದು ಭಯ ಎಂದೂ ನನಗೆ ಗೊತ್ತಿರಲಿಲ್ಲ.

"ಮತ್ತ ಆ ಕರಕ ರೊಟ್ಟಿ ಯಾಕ ಆರಿಸಿಕೊಂಡಿ? ನಿನಗ ಸೇರತೈತೇನ?"

"ಯಾರಿಗರ ಸೇರತೈತೇನ್ರಿ?" ಎಂದುಬಿಟ್ಟೆ. ಬಾಯಿ ತಪ್ಪಿ ಬಂದ ಮಾತು.

ಅವರು ನನ್ನ ಕೈಯಿಂದ ಆ ರೊಟ್ಟಿ ತೆಗೆದುಕೊಂಡು ತಾವು ಮುರಿದು ಬಾಯಿಗೆ ಹಾಕಿಕೊಂಡರು. ಮೆತ್ತಗಿನ, ಬಿಳಿಯ ರೊಟ್ಟಿಯೊಂದನ್ನು ಆರಿಸಿ ನನ್ನ ಅಂಗೈಯಲ್ಲಿ ಇಟ್ಟರು. ಅವರ ಕಣ್ಣು ತುಂಬಿತ್ತು. ನನ್ನವೂ. ಆ ಊಟ ಎಷ್ಟು ಹೊತ್ತು ನಡೆಯಿತೋ, ಎದ್ದಾಗ ಮರದ ನೆರಳು ಕಬ್ಬಿನ ಸಾಲಿನ ತನಕ ಚಾಚಿತ್ತು.

ಉಳಿದ ದಿನ ನನಗೆ ಕನಸಿನಲ್ಲಿ ಕಂಡ ಹಾಗೆ ನೆನಪಿದೆ. ಹೊರಸಿನ ಮೇಲೆ ಒರಗಿ ಕಣ್ಣು ಮುಚ್ಚಿದರೆ ನೀರಿನ ಸದ್ದು, ತೆರೆದರೆ ಬೇವಿನ ಎಲೆಗಳ ಆಚೆ ಆಕಾಶ. ಇವರು ಪಕ್ಕದಲ್ಲಿ ಕೂತು ಬೇರೆಯವರ ಕಬ್ಬು ನೋಡುತ್ತಿದ್ದರು. ಶಾಲೆ ಬಿಟ್ಟ ದಿನ ಅತ್ತದ್ದು, ಮೊದಲ ಸಲ ನನ್ನನ್ನು ನೋಡಲು ಬಂದಾಗ ಕಾಲು ನಡುಗಿದ್ದು, ಇಂಥವೆಲ್ಲ ಹೇಳಿದರು. ನಾನು ಅರೆನಿದ್ದೆಯಲ್ಲಿ ಹೂಂಗುಟ್ಟುತ್ತಿದ್ದೆ. ಈ ಮನುಷ್ಯ ಇಷ್ಟು ದಿನ ಎಲ್ಲಿದ್ದ ಎಂದು ಅಚ್ಚರಿಯಾಗುತ್ತಿತ್ತು. ಮರುದಿನ ಬೆಳಿಗ್ಗೆ ನಾನು ಹಾಸಿಗೆಯಲ್ಲಿರುವಾಗಲೇ ಚಹಾ ಬಂತು. ಇವರು ಬದುಕಿನಲ್ಲಿ ಮೊದಲ ಸಲ ಮಾಡಿದ ಚಹಾ. ಸಕ್ಕರೆ ಪಾಕವೇ ಆಗಿತ್ತು, ಒಂದು ಹನಿ ಬಿಡದೆ ಕುಡಿದೆ.

ಅಕ್ಕೋಳದ ಮದುವೆ ಚೆನ್ನಾಗಿ ಆಯಿತು. ಹಿಂದಿನ ದಿನ ಎಲ್ಲಿದ್ದೆವೆಂದು ಯಾರೂ ಕೇಳಲಿಲ್ಲ. ದೊಡ್ಡವ್ವನೂ ಇಂದಿಗೂ ಬಾಯಿ ಬಿಟ್ಟಿಲ್ಲ.

ಐನಾಪುರಕ್ಕೆ ಮರಳಿದ ಮೇಲೆ ಎಲ್ಲ ಮೊದಲಿನಂತೆಯೇ ಆಗುತ್ತದೆ ಎಂದುಕೊಂಡಿದ್ದೆ. ಗಂಡಸರು ಉಂಡರು, ಮಕ್ಕಳು ಉಂಡರು, ಕೊನೆಗೆ ನಾವು ಕೂತೆವು. ನಾಲ್ಕು ತುತ್ತು ಆಗಿತ್ತು, ಹೊರಗಿನಿಂದ ಅತ್ತೆ ಕರೆದರು. "ಸುಶೀಲಾ, ಏ ಸುಶೀಲಾ, ಬಾ ಇಲ್ಲೆ." ನಾನು ರೂಢಿಯಂತೆ ತಾಟು ಸರಿಸಿ ಏಳಲು ಹೋದೆ. ಆಗ ನಡುಮನೆಯಿಂದ ಇವರ ದನಿ ಕೇಳಿತು.

"ಆಕಿ ಉಣಾಕತ್ತಾಳ. ತಡಿ ಯವ್ವಾ."

ಓರಗಿತ್ತಿಯರು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಮಗ ಹೆಂಡತಿಯ ಪರ ವಹಿಸಿ ಮಾತಾಡಿದ್ದನ್ನು ನಮ್ಮ ಮನೆ ಕೇಳಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ, "ಉಣ್ಣಲಿ ಬಿಡ, ನನಗೇನ ಗಡಿಬಿಡಿ ಇಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರೂ ಒಂದು ಕಾಲಕ್ಕೆ ಈ ಮನೆಯ ಸೊಸೆಯೇ ಅಲ್ಲವೇ.

ಈಗ ವರ್ಷವಾಯಿತು. ನಾವು ಇನ್ನೊಮ್ಮೆ ಎಲ್ಲಿಗೂ ಹೋಗಿಲ್ಲ. ಈ ಸಲ ಕೊಯ್ಲು ತಡವಾಯಿತು, ಅದೂ ಇದೂ ಬಂತು. ಆದರೆ ನಾವು ಹೆಂಗಸರು ಊಟಕ್ಕೆ ಕೂತ ಹೊತ್ತಿಗೆ ಇವರು ನಡುಮನೆಯ ಬಾಗಿಲ ಹತ್ತಿರ ಪೇಪರು ಹಿಡಿದು ಕೂರುತ್ತಾರೆ. ಯಾರು ಕರೆದರೂ, "ಉಣಾಕತ್ತಾರ, ತಡೀರಿ" ಎನ್ನುತ್ತಾರೆ. ಓರಗಿತ್ತಿಯರು ನನ್ನನ್ನು ನೋಡಿ ಮುಸಿಮುಸಿ ನಗುತ್ತಾರೆ. ಸುಳ್ಳೇಕೆ ಹೇಳಲಿ, ಆ ಮಾತು ಕೇಳಿದಾಗಲೆಲ್ಲ ನನಗೆ ಮದುವಣಗಿತ್ತಿಯಂತೆ ನಾಚಿಕೆಯಾಗುತ್ತದೆ. ಆದರೂ ಏಳುವುದಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಸಾವಕಾಶವಾಗಿ ಉಣ್ಣುತ್ತೇನೆ.