ಹೇಳಿ ಹೋಗಿ ಎನ್ನುವ ದೊಡ್ಡಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅನಾಥ ಮಕ್ಕಳ ಮನೆಯ ಉದ್ದನೆಯ ಮಲಗುವ ಕೋಣೆಯಲ್ಲಿ ದೊಡ್ಡಮ್ಮ ಬರಿಗಾಲಲ್ಲಿ ಮಂಚದಿಂದ ಮಂಚಕ್ಕೆ ಹೋಗುತ್ತ, ಹೊದಿಕೆಯೊಳಗೆ ಕೈ ತೂರಿಸಿ ನೋಡುತ್ತಿದ್ದಾರೆ. ಒದ್ದೆ, ಒಣ, ಒಣ, ಒದ್ದೆ. ಒದ್ದೆ ಮಾಡಿಕೊಂಡ ಮಗುವನ್ನು ನಿದ್ದೆಗಣ್ಣಲ್ಲೇ ಎತ್ತಿ, ಬಟ್ಟೆ ಬದಲಿಸಿ, ತಮ್ಮ ಮಂಚದಲ್ಲಿ ಮಲಗಿಸುತ್ತಾರೆ. ಎಲ್ಲರೂ ಎದ್ದ ಮೇಲೆ ಆ ಸಾಲಿನ ಅಷ್ಟೂ ಚಾದರಗಳನ್ನು, ಒಣಗಿದ್ದವನ್ನೂ ಬಿಡದೆ, ಎಳೆದು ಟಬ್ಬಿಗೆ ತುರುಕುತ್ತಾರೆ. ದೊಡ್ಡಮ್ಮನ ಬಗ್ಗೆ ಬರೆಯಲು ಬಂದಿರುವ ನಾನು, ಒಣಗಿದ್ದನ್ನು ಯಾಕೆ ಒಗೆಯುತ್ತೀರಿ ಎಂದು ಕೇಳುತ್ತೇನೆ.

“ಒದ್ದೆ ಇರೋದನ್ನ ಮಾತ್ರ ತೆಗೆದ್ರೆ ಯಾರದು ಅಂತ ಎಲ್ರಿಗೂ ಗೊತ್ತಾಗುತ್ತಲ್ಲಪ್ಪ. ಎಲ್ಲಾ ತೆಗೆದ್ರೆ ಯಾರದೂ ಅಲ್ಲ. ನನ್ನ ತೋಳಿಗೆ ಸ್ವಲ್ಪ ಜಾಸ್ತಿ ಕೆಲಸ, ಅಷ್ಟೆ.”

ಈ ಮನೆಯಲ್ಲಿ ಮೂವತ್ತೆರಡು ಮಕ್ಕಳಿದ್ದಾರೆ. ಅಡುಗೆಯವಳೊಬ್ಬಳು, ಕಾವಲುಗಾರನೊಬ್ಬ, ಹಗಲಿಗೆ ಮಾತ್ರ ಬರುವ ಮೇಷ್ಟ್ರೊಬ್ಬರು. ಉಳಿದದ್ದೆಲ್ಲ ದೊಡ್ಡಮ್ಮನ ಪಾಲು: ಒಗೆತ, ಸ್ನಾನ, ಹೇನು, ಜ್ವರ, ಜಗಳ. ಪಾತ್ರೆ ತೊಳೆಯಲು ಬಂದವರು ಇಲ್ಲೇ ಉಳಿದರು, ಮಕ್ಕಳಿಟ್ಟ ಹೆಸರೇ ಹೆಸರಾಯಿತು. ಗಂಡ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದವರು, ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ತಮ್ಮ ಮನೆಯಲ್ಲೇ ಇದ್ದಾರೆ. ಮಗಳು ಬೇರೆ ಊರಿನಲ್ಲಿ ನರ್ಸು. “ನಮ್ಮಮ್ಮ ವಾರಕ್ಕೊಂದಿನ ಬಂದು ಹೋಗೋ ನೆಂಟಳು” ಎಂದು ಆಕೆ ಫೋನಿನಲ್ಲಿ ನಗುತ್ತಲೇ ಹೇಳುತ್ತಾಳೆ. ಆ ನಗೆಯ ಹಿಂದೆ ಸ್ವಲ್ಪ ಸಿಟ್ಟೂ ಇದೆ, ಇರಬಾರದೆಂದು ಹೇಳಲು ನಾವ್ಯಾರು?

ನಾನು ಬಂದ ವಾರ ಈ ಮನೆಗೆ ನೆಂಟರೂ ಬಂದಿದ್ದಾರೆ. ದೂರದ ದೇಶವೊಂದರ ಚರ್ಚಿನಿಂದ ಪ್ರತಿ ಬೇಸಿಗೆ ರಜೆಯಲ್ಲಿ ಹದಿಹರೆಯದ ಹುಡುಗ ಹುಡುಗಿಯರ ಒಂದು ತಂಡ ಸೇವೆಗೆಂದು ಬರುತ್ತದೆ, ಜೊತೆಗೆ ಅವರ ಪಾಸ್ಟರು. ಹಾಡು ಕಲಿಸುತ್ತಾರೆ, ಪಕ್ಕದ ಕೊಳೆಗೇರಿಗೆ ಹೋಗಿ ಚರಂಡಿಯ ಹೂಳೆತ್ತುತ್ತಾರೆ, ಅಂಗೈ ತುಂಬ ಬೊಕ್ಕೆ ಮಾಡಿಕೊಂಡು ಬರುತ್ತಾರೆ. ಅಂಗಳದ ಗೋಡೆಗೆ ಪ್ರತಿ ವರ್ಷವೂ ಬಣ್ಣ ಬಳಿಯುತ್ತಾರೆ. ಒಂದು ವರ್ಷ ಆನೆ, ಮರುವರ್ಷ ಹಡಗು, ಈ ಸಲ ಕಾಮನಬಿಲ್ಲು. “ಆ ಗೋಡೇಲಿ ಈಗ ಇಟ್ಟಿಗೆಗಿಂತ ಬಣ್ಣವೇ ಜಾಸ್ತಿ” ಎನ್ನುವುದು ದೊಡ್ಡಮ್ಮನ ಗಂಡನ ವೃತ್ತಿಪರ ಅಭಿಪ್ರಾಯ. ಆದರೆ ತಂಡದ ಆ ಮಕ್ಕಳ ಮನಸ್ಸು ಚಿನ್ನದಂಥದ್ದು. ಮೂಗಿಗೆ ಬಣ್ಣ ಬಳಿದುಕೊಂಡು ಬಿಸಿಲಲ್ಲಿ ಏಣಿ ಹತ್ತುವ ಅವರನ್ನು ನೋಡಿದರೆ ನನಗಂತೂ ಪ್ರೀತಿಯೇ ಹುಟ್ಟುತ್ತದೆ.

ನೆಂಟರ ವಿಷಯದಲ್ಲಿ ಈ ಮನೆಗೊಂದು ಕಟ್ಟುನಿಟ್ಟಿನ ನಿಯಮವಿತ್ತು. ಬರುವಾಗ ಹಗಲಲ್ಲಿ ಬರಬೇಕು, ಹೋಗುವಾಗ ಮಕ್ಕಳು ಏಳುವ ಮೊದಲೇ ಹೊರಟುಬಿಡಬೇಕು. ನಿಯಮ ಮಾಡಿದವರು ದೊಡ್ಡಮ್ಮನೇ. ಮೊದಲ ಸಲ ತಂಡ ಹೊರಟಾಗ ಮಕ್ಕಳೆಲ್ಲ ಬಸ್ಸಿನ ಬಾಗಿಲಿಗೆ ಜೋತುಬಿದ್ದು, ಅತ್ತು, ವಾಂತಿ ಮಾಡಿಕೊಂಡು ರಂಪವಾಗಿತ್ತಂತೆ.

“ಅಷ್ಟು ಮಕ್ಕಳನ್ನ ಸಂಭಾಳಿಸೋಕೆ ಇದ್ದದ್ದು ನಾನೊಬ್ಳೇ,” ಚಾದರ ಹಿಂಡುತ್ತ ಹೇಳುತ್ತಾರೆ. “ಮಲಗಿದ್ದಾಗ ಹೋದ್ರೆ ಗಲಾಟೆ ಇಲ್ಲ. ಎದ್ದು, ಅವರೆಲ್ಲಿ ಅಂತ ಒಂದ್ಸಲ ಕೇಳ್ತಿದ್ವು. ‘ಬರ್ತಾರೆ, ಹಾಲು ಕುಡಿ’ ಅಂತಿದ್ದೆ. ಮನೆ ಸುಮ್ಮನಿರ್ತಿತ್ತು. ಸುಮ್ಮನಿದ್ರೆ ಎಲ್ಲಾ ಚೆನ್ನಾಗಿದೆ ಅಂದ್ಕೊಂಡಿದ್ದೆ.”

ಆ ನಂಬಿಕೆಗೆ ಪೆಟ್ಟು ಬಿದ್ದದ್ದು ಗುಬ್ಬಿಯಿಂದ. ಗುಬ್ಬಿಗೆ ಈಗ ಐದು ವರ್ಷ. ಹೋದ ವರ್ಷ ತಂಡದಲ್ಲಿ ಬಂದಿದ್ದ ಹದಿನಾರರ ಹುಡುಗಿಯೊಬ್ಬಳ ಸೊಂಟವನ್ನು ಉಡದ ಹಾಗೆ ಹಿಡಿದುಕೊಂಡಿದ್ದಳು. ಆ ಹುಡುಗಿ ಎತ್ತರದವಳು, ಮಕ್ಕಳ ಬಾಯಲ್ಲಿ ಉದ್ದಕ್ಕ. ತಾಯಿ ಈ ಕಡೆಯವಳೇ ಆದ್ದರಿಂದ ಅವಳಿಗೆ ನಮ್ಮ ಮಾತು ಬರುತ್ತದೆ. ಹೊರಡುವ ಹಿಂದಿನ ರಾತ್ರಿ ಗುಬ್ಬಿಯನ್ನು ತಟ್ಟಿ ಮಲಗಿಸಿ, ನಿಯಮದ ಪ್ರಕಾರ ನಸುಕಿನಲ್ಲಿ ಬಸ್ಸು ಹತ್ತಿದಳು. ಗುಬ್ಬಿ ಎದ್ದವಳೇ ನೆಂಟರ ಕೋಣೆಗೆ ಹೋಗಿ ಮಂಚಗಳ ಕೆಳಗೆ ಹುಡುಕಿದಳು. ಬಚ್ಚಲಲ್ಲಿ ಇಣುಕಿದಳು. ವಾಪಸು ಬಂದು ಕೂತು ಹಾಲು ಕುಡಿದಳು. ಅಳಲಿಲ್ಲ. ಎಷ್ಟು ಜಾಣೆ ಎಂದು ಎಲ್ಲರೂ ಹೊಗಳಿದರು.

ಆಮೇಲೆ ಅವಳು ಯಾವುದಕ್ಕೂ ಅಳಲಿಲ್ಲ. ಲಸಿಕೆ ಚುಚ್ಚಿದರೂ ಇಲ್ಲ, ಆಟಿಕೆ ಕಸಿದುಕೊಂಡರೂ ಇಲ್ಲ. ಒಂದು ದಿನ ಬಾಗಿಲ ಸಂದಿಗೆ ಬೆರಳು ಸಿಕ್ಕಿ ಉಗುರೇ ಕಿತ್ತುಬಂದಿತ್ತು. ಟವೆಲ್ಲಿನ ಮೇಲಿನ ರಕ್ತ ನೋಡಿದಾಗಲೇ ದೊಡ್ಡಮ್ಮನಿಗೆ ಗೊತ್ತಾದದ್ದು. ಡಾಕ್ಟರು ಕಣ್ಣು, ಕಿವಿ, ಗಂಟಲು ಎಲ್ಲ ನೋಡಿ, ಮಗು ಆರೋಗ್ಯವಾಗಿದೆ ಎಂದರು. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎಂಬ ಗಾದೆಯನ್ನು ನಾವು ನಗುನಗುತ್ತ ಬಳಸುತ್ತೇವೆ. ತಾಯಿಯೇ ಇಲ್ಲದ ಮಗು ಅಳು ನಿಲ್ಲಿಸಿದರೆ ಅದರ ನೋವು ಇನ್ನೊಬ್ಬರಿಗೆ ತಿಳಿಯುವ ದಾರಿಯೇ ಇರುವುದಿಲ್ಲ.

“ಮಕ್ಕಳು ಬಿದ್ದ ತಕ್ಷಣ ಅಳಲ್ಲ, ನೋಡಿದೀರಾ? ಮೊದಲು ನಮ್ಮ ಮುಖ ನೋಡ್ತವೆ, ಆಮೇಲೆ ಶುರು,” ಎನ್ನುತ್ತಾರೆ ದೊಡ್ಡಮ್ಮ. “ಇವಳು ಮುಖ ನೋಡೋದನ್ನೇ ಬಿಟ್ಲು. ಬಿದ್ರೆ ತಾನೇ ಎದ್ದು ಮಣ್ಣು ಒರೆಸ್ಕೊಂಡು ಹೋಗೋಳು. ಅದನ್ನ ನೋಡಿ ನನಗೆ ಅನ್ನ ಸೇರ್ತಿರಲಿಲ್ಲ.”

ಈ ವರ್ಷ ಉದ್ದಕ್ಕ ಮತ್ತೆ ಬಂದಿದ್ದಾಳೆ. ಪ್ರಯಾಣದ ಖರ್ಚಿಗಾಗಿ ವರ್ಷವಿಡೀ ಚರ್ಚಿನ ಅಂಗಳದಲ್ಲಿ ಕೇಕ್ ಮಾರಿದ್ದಾಳೆ. ಬಸ್ಸಿಳಿದವಳೇ ಎರಡೂ ಕೈ ಚಾಚಿ ಕೂತರೆ, ಗುಬ್ಬಿ ಅವಳ ಪಕ್ಕದಿಂದ ಹಾದು ಜಾರುಬಂಡಿಯ ಕಡೆ ಹೋದಳಂತೆ. ಹುಡುಗಿ ನೀರಿನ ತೊಟ್ಟಿಯ ಹಿಂದೆ ಹೋಗಿ ಬಿಕ್ಕಿಬಿಕ್ಕಿ ಅತ್ತಿದ್ದಾಳೆ. ಅವಳನ್ನು ಹುಡುಕಿಕೊಂಡು ಹೋದವರು ದೊಡ್ಡಮ್ಮ.

“ನಾನೇನು ತಪ್ಪು ಮಾಡ್ದೆ ದೊಡ್ಡಮ್ಮ? ನೀವು ಹೇಳಿದ ಹಾಗೇ ಹೋದೆ.”

“ಹೂಂ, ಹೇಳಿದವಳು ನಾನೇ. ನಿಂದೇನೂ ಇಲ್ಲ ಮಗಳೇ. ಮುಖ ತೊಳ್ಕೋ, ಬಾ, ಚಾದರ ಹಿಂಡೋಕೆ ಒಂದು ಕೈ ಬೇಕು.”

ಅಂದಿನಿಂದ ಉದ್ದಕ್ಕ ಗುಬ್ಬಿಯ ಬೆನ್ನು ಹತ್ತದೆ ದೊಡ್ಡಮ್ಮನ ಜೊತೆ ಬಟ್ಟೆ ಒಗೆಯುತ್ತಾಳೆ. ಮೊದಮೊದಲು ಅವಳು ಹಿಂಡಿದ ಚಾದರದಿಂದ ಇನ್ನೊಂದು ಬಕೆಟ್ ನೀರು ಇಳಿಯುತ್ತಿತ್ತು. ಮೂರನೆಯ ದಿನ ಗುಬ್ಬಿ ಹಗ್ಗದ ಹತ್ತಿರ ಬಂದು ನಿಂತಳು. ಆಮೇಲೆ ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ಒಂದೊಂದಾಗಿ ಎತ್ತಿ ಕೊಡತೊಡಗಿದಳು. ನಾನು ಬಂದಾಗ ಮತ್ತೆ ಉದ್ದಕ್ಕನ ಸೊಂಟ ಏರಿ ಕೂತಿದ್ದಾಳೆ. ನೋಡಿ ಎಲ್ಲರಿಗೂ ಖುಷಿ, ಆದರೆ ತಂಡ ಹೊರಡಲು ಉಳಿದಿರುವುದು ಒಂದೇ ದಿನ.

ಆ ಸಂಜೆ ದೊಡ್ಡಮ್ಮ ಊಟದ ಕೋಣೆಯ ಬೆಂಚಿನ ಮೇಲೆ ಪಾಸ್ಟರ ಎದುರು ಕೂತಿದ್ದಾರೆ. ಅವರ ಮಾತು ಇವರಿಗೆ ಬಾರದು, ಇವರದು ಅವರಿಗೆ ಬಾರದು. ನಡುವೆ ನಿಂತು ಎರಡೂ ಕಡೆಗೆ ತಿಳಿಸುವವಳು ಉದ್ದಕ್ಕನೇ, ತನ್ನದೇ ಪಂಚಾಯಿತಿಗೆ ತಾನೇ ದುಭಾಷಿ. ನಾಳೆ ನಸುಕಿನಲ್ಲಿ ಹೋಗಬೇಡಿ, ಮಕ್ಕಳೆಲ್ಲ ಎದ್ದ ಮೇಲೆ ಹೇಳಿ ಹೋಗಿ ಎನ್ನುವುದು ದೊಡ್ಡಮ್ಮನ ಬೇಡಿಕೆ.

ಪಾಸ್ಟರು ಏನೋ ಹೇಳುತ್ತಾರೆ. ಹುಡುಗಿ ತಗ್ಗಿದ ದನಿಯಲ್ಲಿ ತಿಳಿಸುತ್ತಾಳೆ: “ಗಾಯದ ಮೇಲೆ ಬರೆ ಎಳೆದ ಹಾಗೆ ಆಗಲ್ವಾ ಅಂತಿದ್ದಾರೆ. ಅವಳು ಮತ್ತೆ ಯಾರ ಹತ್ತಿರಾನೂ ಬರದೇ ಹೋದ್ರೆ?”

“ನನಗೂ ಅದೇ ಭಯ ಅಂತ ಹೇಳು. ಹೀಗೆ ಮಾಡಿದ್ರೆ ಸರಿಹೋಗುತ್ತೆ ಅಂತ ನನಗೇನೂ ಗೊತ್ತಿಲ್ಲ. ಹಾಗೆ ಮಾಡಿ ಏನಾಯ್ತು ಅನ್ನೋದು ಮಾತ್ರ ಗೊತ್ತು.”

ಪಾಸ್ಟರು ಒಪ್ಪುತ್ತಾರೆ. ಆದರೆ ಉದ್ದಕ್ಕ ಕದಲುವುದಿಲ್ಲ. ತನ್ನಿಂದ ಆಗುವುದಿಲ್ಲ, ಗುಬ್ಬಿಯ ಮುಖ ನೋಡಿಕೊಂಡು ಹೇಳಲಾರೆ ಎನ್ನುತ್ತಾಳೆ. ದೊಡ್ಡಮ್ಮ ಅವಳ ಕೈ ಎಳೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. “ಹೋಗ್ತೀನಿ ಅನ್ನು. ನಾಳೆ ಬರಲ್ಲ ಅಂತಾನೂ ಅನ್ನು. ಯಾವಾಗ ಬರ್ತೀಯ ಅಂತ ನಿನಗೇ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳು. ಅಳು ಬಂದ್ರೆ ಅತ್ತುಬಿಡು, ಅವಳು ನೋಡ್ಲಿ.”

ಬೆಳಿಗ್ಗೆ, ಮಕ್ಕಳು ಹಾಲು ಬ್ರೆಡ್ಡು ಮುಗಿಸಿದ ಮೇಲೆ, ಬಸ್ಸು ಅಂಗಳದ ಗೇಟಿಗೆ ಬಂದು ನಿಲ್ಲುತ್ತದೆ. ಒಬ್ಬೊಬ್ಬರೂ ಮಕ್ಕಳ ಮುಂದೆ ಮಂಡಿಯೂರಿ ವಿದಾಯ ಹೇಳುತ್ತಾರೆ. ಕೆಲವು ಮಕ್ಕಳು ಅಳುತ್ತವೆ, ಕೆಲವು ಆಟ ಬಿಟ್ಟು ಬರಲೂ ಒಪ್ಪುವುದಿಲ್ಲ. ಉದ್ದಕ್ಕ ಗುಬ್ಬಿಯ ಎರಡೂ ಕೈ ಹಿಡಿದುಕೊಳ್ಳುತ್ತಾಳೆ.

“ಗುಬ್ಬಿ, ನಾನು ನಮ್ಮನೆಗೆ ಹೋಗ್ತಿದ್ದೀನಿ. ನಾಳೆ ಬರಲ್ಲ. ನಾಡಿದ್ದೂ ಬರಲ್ಲ. ದೊಡ್ಡಮ್ಮ ಇಲ್ಲೇ ಇರ್ತಾರೆ.”

ಗುಬ್ಬಿ ಅವಳ ಕೆನ್ನೆಯ ಮೇಲೆ ಇಳಿಯುವ ನೀರನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾಳೆ. ಬಸ್ಸು ಹೊರಡುತ್ತದೆ. ಕಿಟಕಿಯಿಂದ ಕೈಗಳು ಬೀಸುತ್ತವೆ. ಗುಬ್ಬಿ ಕದಲದೆ ನಿಂತಿದ್ದಾಳೆ, ಮುಖದಲ್ಲಿ ಏನೂ ಇಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುತ್ತದೆ. ದೊಡ್ಡಮ್ಮ ಅವಳನ್ನು ಮುಟ್ಟದೆ, ಕರೆಯದೆ, ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದಾರೆ. ತಪ್ಪು ಮಾಡಿಬಿಟ್ಟೆವೇನೋ ಎಂದು ನನಗನಿಸುತ್ತದೆ.

ಗುಬ್ಬಿ ನಿಧಾನಕ್ಕೆ ತಿರುಗಿ ದೊಡ್ಡಮ್ಮನ ಮುಖ ನೋಡುತ್ತಾಳೆ. ಅವಳ ಕೆಳತುಟಿ ಮುಂದೆ ಬರುತ್ತದೆ. ಓಡಿ ಬಂದು ಪುಟ್ಟ ಮುಷ್ಟಿಗಳಿಂದ ದೊಡ್ಡಮ್ಮನ ಮಂಡಿಗೆ ಗುದ್ದುತ್ತಾಳೆ, ಒಮ್ಮೆ, ಇನ್ನೊಮ್ಮೆ. ಆಮೇಲೆ ಬಾಯಿ ತೆರೆಯುತ್ತಾಳೆ. ಒಂದು ವರ್ಷದ ಅಳು ಒಮ್ಮೆಗೇ ಹೊರಬಿದ್ದು ಅಂಗಳವೆಲ್ಲ ತುಂಬುತ್ತದೆ. ಮರದ ಮೇಲಿದ್ದ ಕಾಗೆಗಳು ಹಾರುತ್ತವೆ, ಕಾವಲುಗಾರ ಗೇಟು ಬಿಟ್ಟು ಎದ್ದು ಬರುತ್ತಾನೆ. ದೊಡ್ಡಮ್ಮ ಅವಳನ್ನು ಬಾಚಿ ಎತ್ತಿಕೊಂಡಿದ್ದಾರೆ. ಸುಮ್ಮನಿರು ಎಂದು ಒಂದು ಸಲವೂ ಹೇಳುವುದಿಲ್ಲ.

ಅಡುಗೆಯವಳು ಸೌಟು ಹಿಡಿದುಕೊಂಡೇ ಓಡಿ ಬರುತ್ತಾಳೆ. “ಯಾರಕ್ಕ ಅದು? ಏನಾಯ್ತು? ಬಿದ್ಲಾ?”

ದೊಡ್ಡಮ್ಮ ಕಣ್ಣೊರೆಸಿಕೊಳ್ಳುವ ಗೊಡವೆಗೂ ಹೋಗುವುದಿಲ್ಲ. “ಯಾರಿಗೂ ಏನೂ ಆಗಿಲ್ಲ ಕಣೇ. ನಮ್ಮ ಗುಬ್ಬಿ ಅಳ್ತಿದ್ದಾಳೆ. ಬಾ ಇಲ್ಲಿ, ಕೇಳಿಸ್ಕೋ.”