ಮೂವತ್ತು ಅಡಿಯ ರ‍್ಯಾಂಪು, ಮೂರು ಪೈಪು

ಟಕ್. ಸರ್ರ್. ಟಕ್. ಸರ್ರ್.

ಕಾನ್ವೆಂಟಿನ ಮರದ ಮೆಟ್ಟಿಲು ಹತ್ತಿ ಗಿರಿಜಾ ಬರುವ ಸದ್ದು ಅದು. ಟಕ್ ಅಂದರೆ ಊರುಗೋಲು. ಸರ್ರ್ ಅಂದರೆ ಪೋಲಿಯೊ ಬಡಿದ ಎಡಗಾಲಿಗೆ ಬಿಗಿದ ಕಬ್ಬಿಣದ ಕ್ಯಾಲಿಪರ್. ಇಪ್ಪತ್ತೆರಡು ಮೆಟ್ಟಿಲು. ನಾವೆಲ್ಲ ಪ್ರೇಯರ್ ಮುಗಿಸಿ, ಅಟೆಂಡೆನ್ಸ್ ಮುಗಿಸಿ, ಸಮ್ಸ್ ಬಿಡಿಸಲು ಕೂತ ಮೇಲೆ ಆ ಸದ್ದು ಬಾಗಿಲಿಗೆ ಬರುತ್ತಿತ್ತು. "ಲೇಟ್ ಅಗೇನ್, ಗಿರಿಜಾ?" ಎನ್ನುತ್ತಿದ್ದರು ಸಿಸ್ಟರ್. ಕ್ಲಾಸನ್ನೇ ಕೆಳಗೆ ಇಳಿಸಬಹುದಿತ್ತಲ್ಲ? ಅದು ಯಾರಿಗೂ ಹೊಳೆಯಲಿಲ್ಲ. (ನನಗೂ. ನಾನು ಅವಳ ಬ್ಯಾಗು ಹೊತ್ತು ಪುಣ್ಯ ಕಟ್ಟಿಕೊಳ್ಳುತ್ತಿದ್ದೆ.)

ಆ ಗಿರಿಜಾ ಹೋದ ತಿಂಗಳು ಹಳದೀಪುರದಲ್ಲಿ ತೀರಿಕೊಂಡಳು. ನಿದ್ದೆಯಲ್ಲೇ ಅಂತೆ. "ಪೀಸ್‌ಫುಲ್" ಅಂದರು ಎಲ್ಲರೂ. ಇರಬಹುದು. ಈ ವಾರದ ಅಂಕಣಕ್ಕೆ ನಾನು ಬೇರೇನೋ ಬರೆಯಬೇಕೆಂದಿದ್ದೆ. ಆದರೆ ಒಂದು ಕನ್ಫೆಶನ್ ಗಂಟಲಲ್ಲಿ ಕೂತಿದೆ. ಅದನ್ನು ಉಗುಳದೆ ಬೇರೆ ಮಾತು ಹೊರಡುತ್ತಿಲ್ಲ.

ಎಂಟನೇ ಕ್ಲಾಸಿನ ಆನ್ಯುಯಲ್ ಡೇ. ಗಿರಿಜಾಗೆ ಎಸ್ಸೇ ಬರೆದದ್ದಕ್ಕೆ ಪ್ರೈಜ್. ಸ್ಟೇಜಿಗೆ ಮೆಟ್ಟಿಲು ಎತ್ತರ, ಟೈಮಿಲ್ಲ. ಇಬ್ಬರು ಪ್ಯೂನುಗಳು ಬಂದು ಅವಳನ್ನು ಮೂಟೆಯ ಹಾಗೆ ಎತ್ತಿದರು. ಲಂಗ ಮೇಲೆ ಸರಿಯಿತು. ಕ್ಯಾಲಿಪರಿನ ಬೆಲ್ಟು, ಬಕಲು, ಒಣಗಿದ ತೊಡೆ, ಎಲ್ಲವನ್ನೂ ಇಡೀ ಹಾಲ್ ನೋಡಿತು. ಆಮೇಲೆ ಚಪ್ಪಾಳೆ ಬೇರೆ. ಅವಳು ಅಳುತ್ತಿದ್ದಾಗ ಸಿಸ್ಟರ್ ತಲೆ ಸವರಿ, "ಬಿ ಗ್ರೇಟ್‌ಫುಲ್, ಚೈಲ್ಡ್" ಅಂದರು. ಆ ದಿನ ಗೋಡೆಯ ಹಿಂದೆ ನಿಂತು ಗಿರಿಜಾ ನನಗೆ ಹೇಳಿದ್ದು ಒಂದೇ ಮಾತು. "ಲಲ್ಲಿ, ಇನ್ಮೇಲೆ ನಾ ಎತ್ತಿಸ್ಕೊಳ್ಳೂದಿಲ್ಲ."

ಆ ಮಾತನ್ನು ಅವಳು ಉಳಿಸಿಕೊಂಡಳು. ಓದಿದಳು, ಟೀಚರ್ ಆದಳು, ಹೊನ್ನಾವರದ ಸುತ್ತಿನ ಅರ್ಧ ಊರಿಗೆ 'ಅಕ್ಕೋರು' ಆದಳು. ಎತ್ತಿಸಿಕೊಳ್ಳುವ ಜಾಗಕ್ಕೆ ಮಾತ್ರ ಹೋಗಲಿಲ್ಲ. ಹಾಗಾದರೆ ಉಳಿದ ಜಾಗ ಎಷ್ಟು? ನೀವೇ ಒಮ್ಮೆ ನಿಮ್ಮ ಊರಿನ ಪೇಟೆಯನ್ನು ಕಣ್ಣಮುಂದೆ ತಂದುಕೊಳ್ಳಿ. ರಿಜಿಸ್ಟ್ರೇಷನ್ ಆಫೀಸು ಮಹಡಿಯ ಮೇಲೆ. ಬ್ಯಾಂಕಿಗೆ ಐದು ಮೆಟ್ಟಿಲು. ಭಟ್ಕಳದ ಮದುವೆ ಹಾಲೊಂದರಲ್ಲಿ ವೀಲ್‌ಚೇರಿನ ಚಿತ್ರ ಬರೆದ ಟಾಯ್ಲೆಟ್ ಇತ್ತು. ಬಾಗಿಲು ತೆಗೆದರೆ ಒಳಗೆ ಸೂರಿನವರೆಗೆ ಪ್ಲಾಸ್ಟಿಕ್ ಕುರ್ಚಿಗಳು.

"ನೀವು ಇಳೀಬೇಡಿ ಅಕ್ಕೋರೇ, ನಾವೇ ತರ್ತೇವೆ" ಎಂದು ಆಫೀಸಿನವರು ಫೈಲು ಹಿಡಿದು ರಸ್ತೆಗೆ ಬರುತ್ತಿದ್ದರು. ಒಳ್ಳೆಯವರೇ. "ನಂಗೆ ಎಲ್ಲಾ ಆಫೀಸೂ ಆಟೋದಲ್ಲೇ ಮಾರಾಯ್ತಿ. ಒಳಗೆ ಗೋಡೆಗೆ ಎಂತ ಬಣ್ಣ ಬಳಿದಿದ್ದಾರೋ, ಕಂಡದ್ದಿಲ್ಲ" ಎಂದು ಅವಳು ನಗುತ್ತಿದ್ದಳು.

ಅರವತ್ತು ದಾಟಿದ ಮೇಲೆ ಇನ್ನೊಂದು ಕಾಲೂ ಸೋತಿತು. ಟಕ್ ಸರ್ರ್ ನಿಂತಿತು. ವೀಲ್‌ಚೇರ್ ಬಂತು.

ಈಚೆಗೆ ನಾವು ನಾಲ್ಕಾರು ಮುದುಕ ಮುದುಕಿಯರು ಸೇರಿ ಕುಮಟಾದಲ್ಲಿ ಒಂದು ಸಣ್ಣ ವಾಚನಾಲಯ ಕಟ್ಟಿಸಿದೆವು. ಗಿರಿಜಾ ತನ್ನ ಪುಸ್ತಕಗಳನ್ನೆಲ್ಲ ಕೊಟ್ಟಳು, ಏಳು ಟ್ರಂಕು. "ಅವು ಕಪಾಟಲ್ಲಿ ಹೇಗೆ ಕೂತಿವೆ ಅಂತ ಒಂದ್ಸಲ ನೋಡ್ಬೇಕು. ಆದ್ರೆ ಎತ್ತೂದಾದ್ರೆ ನಾ ಬರೂದಿಲ್ಲ" ಅಂದಳು. "ಎತ್ತೂದಿಲ್ಲ. ಗಾಡ್ ಪ್ರಾಮಿಸ್" ಅಂದೆ.

ಹಾಗಾಗಿ ರ‍್ಯಾಂಪಿಗೆ ನಾನೇ ಟೇಪು ಹಿಡಿದು ನಿಂತೆ. ನಮ್ಮ ಕಡೆ ಮಳೆನೀರಿಗೆ ಹೆದರಿ ನೆಲಗಟ್ಟು ಎತ್ತರ, ಎರಡೂವರೆ ಅಡಿ. ರೂಲ್ ಪ್ರಕಾರ ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಅಂದರೆ ಮೂವತ್ತು ಅಡಿ.

"ಅಮ್ಮಾ, ಮೂವತ್ತು ಫೂಟು ಎಂತಕ್ಕೆ? ಹತ್ತು ಸಾಕು" ಅಂದರು ಮೇಸ್ತ್ರಿ ನಾಗಪ್ಪ. "ಇಬ್ರು ಹಿಂದಿಂದ ದೂಡಿದ್ರೆ ಆತಲ್ಲ."

"ಆ ಇಬ್ರನ್ನ ನೀವು ದಿನಾ ಕಳಿಸ್ತೀರಾ?" ಅಂದೆ.

ಮೂವತ್ತು ಅಡಿ ಆಯಿತು, ನಡುವೆ ತಿರುಗಲು ಐದಡಿಯ ಚೌಕ ಆಯಿತು, ಎರಡೂ ಬದಿ ಕೈಹಿಡಿ ಆಯಿತು. ಒಳಗೆ ಕಿಟಕಿ ಪಕ್ಕದ ಟೇಬಲ್ಲಿಗೆ ಕುರ್ಚಿ ಹಾಕಿಸಲಿಲ್ಲ. ಅವಳ ಕುರ್ಚಿ ಅವಳೊಂದಿಗೇ ಬರುತ್ತದಲ್ಲ? ನನಗೆ ಎಂಥ ಜಂಬ!

ಮಳೆಗಾಲ ಬಂತು. ರ‍್ಯಾಂಪಿನ ಸುಖ ಮೊದಲು ಗೊತ್ತಾದದ್ದು ಪೇಟೆಯ ಬೀಡಾಡಿ ದನಗಳಿಗೆ. ಸಲೀಸಾಗಿ ಹತ್ತಿ ಬಂದು ಜಗಲಿಯಲ್ಲಿ ಮಲಗಿದವು. ಸೆಗಣಿ ಹಾಕಿದವು. ಒಂದು ಹಸು ಭಾನುವಾರದ ಪೇಪರನ್ನೇ ತಿಂದಿತು, ನನ್ನ ಅಂಕಣದ ಪುಟವನ್ನೂ ಸೇರಿಸಿ. (ನನ್ನನ್ನು ಪೂರ್ತಿ ಜೀರ್ಣಿಸಿಕೊಂಡ ಏಕೈಕ ಓದುಗಿ.)

ಕಮಿಟಿ ಸೇರಿತು. ಎಲ್ಲರೂ ತಲೆ ಕೆರೆದುಕೊಳ್ಳುವಾಗ ಐಡಿಯಾ ಕೊಟ್ಟದ್ದು ಯಾರು? ನಾನೇ. "ಒಂದು ದಣಪೆ ಹಾಕಿಬಿಡಿ" ಅಂದೆ.

ದಣಪೆ ಗೊತ್ತಲ್ಲ? ತೋಟದ ಬೇಲಿಯ ಬಾಯಿಗೆ ಅಡ್ಡಡ್ಡ ಹಾಕುವ ಎರಡು ಮೂರು ಗಳ. ಮನುಷ್ಯರು ಕಾಲೆತ್ತಿ ದಾಟುತ್ತಾರೆ, ದನಕ್ಕೆ ಆಗುವುದಿಲ್ಲ. ಹುಟ್ಟಿದಾಗಿನಿಂದ ನಾನು ದಾಟುತ್ತ ಬಂದದ್ದು. ಸೀರೆ ಒಂಚೂರು ಎತ್ತಿ ಹಿಡಿದರೆ ಆಯಿತು. "ಆತು, ಬೆಸ್ಟ್ ಐಡಿಯಾ" ಎಂದರು ಕಾರ್ಯದರ್ಶಿ ಶಾನಭಾಗರು. ಬಿದಿರು ಹಾಕಿದರೆ ಯಾರದೋ ಒಲೆಗೆ ಹೋಗುತ್ತದೆ ಎಂದು ಕಬ್ಬಿಣದ ಪೈಪು ತಂದರು. ಬಿಚ್ಚುವ ಹಾಗಿದ್ದರೆ ಗುಜರಿಗೆ ಹೋಗುತ್ತದೆ ಎಂದು ರ‍್ಯಾಂಪಿನ ಮೇಲ್ತುದಿಗೆ ವೆಲ್ಡಿಂಗ್ ಮಾಡಿಸಿದರು. ಮೂರು ಪೈಪು.

ವಾರಕ್ಕೆ ಮೂರು ಸಲ ಪಕ್ಕದ ಮೆಟ್ಟಿಲು ಹತ್ತಿ ಹೋಗುವಾಗ ನಾನು ಅದನ್ನು ನೋಡುತ್ತಿದ್ದೆ. ಒಮ್ಮೆ ಬಣ್ಣ ಚೆನ್ನಾಗಿದೆ ಎಂದೂ ಹೇಳಿದೆ. ಇಷ್ಟು ವರ್ಷದ ಗೆಳತಿ, ಅಷ್ಟು ಉದ್ದದ ಟೇಪು. ಆದರೂ 'ದಾಟುವವರು' ಎಂದಾಗ ನನ್ನ ತಲೆಗೆ ಬಂದದ್ದು ಕಾಲೆತ್ತುವವರು ಮಾತ್ರ.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಗಿರಿಜಾ ಬಂದಳು. ನೀಲಿ ಹತ್ತಿ ಸೀರೆ. ಆಟೋದಿಂದ ವೀಲ್‌ಚೇರಿಗೆ ತಾನೇ ಜಾರಿ ಕೂತಳು. ದೂಡಲು ಹೋದ ಶಾನಭಾಗರಿಗೆ, "ಕೈ ತೆಗೀರಿ, ನಾನೇ ಹೋಗ್ತೆ" ಅಂದಳು. ನಾನು ಮೆಟ್ಟಿಲು ಹತ್ತಿ ಓಡಿಹೋಗಿ ರ‍್ಯಾಂಪಿನ ತುದಿಯಲ್ಲಿ ಸ್ವಾಗತಕ್ಕೆ ನಿಂತೆ.

ನಡುವಿನ ಚೌಕದಲ್ಲಿ ಅವಳು ಉಸಿರಿಗಾಗಿ ನಿಂತಳು. "ಫಸ್ಟ್ ಕ್ಲಾಸ್ ಮಾಡ್ಸಿದ್ದೀಯೆ ಲಲ್ಲಿ" ಎಂದು ಕೆಳಗಿನಿಂದ ಕೂಗಿದಳು. ಆಮೇಲೆ ತಿರುಗಿದಳು. ಉಳಿದದ್ದನ್ನೂ ಹತ್ತಿದಳು. ಪೈಪಿನ ಮುಂದೆ ಬಂದು ನಿಂತಳು. ನನ್ನ ಕೈ ಮೇಲಿನ ಪೈಪಿನ ಮೇಲೇ ಇತ್ತು.

"ಇದೆಂತದೆ?"

"ದಣಪೆ" ಅಂದೆ. ಹೇಳಿದ ಮೇಲೆ ಅರ್ಥವಾಯಿತು.

ಅವಳು ಪೈಪನ್ನು ನೋಡಿದಳು, ನನ್ನನ್ನು ನೋಡಿದಳು. ನಕ್ಕಳು. "ಹಾಗಾದ್ರೆ ನಾ ದನದ ಬದಿಗೆ ಬಿದ್ನಲ್ಲೇ."

ಶಾನಭಾಗರು ಓಡಿ ಬಂದರು. "ಎರಡೇ ನಿಮಿಷ ಅಕ್ಕೋರೇ. ನಾಲ್ಕು ಜನ ಕೈ ಹಚ್ಚಿದ್ರೆ ಕುರ್ಚಿ ಸಮೇತ ಆಚೆ ಇಡ್ತ್ರು."

"ಬೇಡ ಶಾನಭಾಗ್ರೆ."

ಆಗ ನಾನು ಅಂದೆ. ಕನ್ಫೆಶನ್ ಇದೇ. "ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊ, ಗಿರಿಜಾ. ಎಲ್ಲ ಪ್ರೀತಿಯಿಂದ ಎತ್ತೂದಲ್ವಾ?"

ಅವಳ ನಗು ಅಲ್ಲಿಗೆ ನಿಂತಿತು. ಸಿಸ್ಟರ್ ತಲೆ ಸವರಿದಾಗಲೂ ಅವಳು ಹೀಗೇ ನೋಡಿದ್ದಳು.

ಮರುದಿನ ವೆಲ್ಡರ್ ಬಂದು ಪೈಪು ಕತ್ತರಿಸಿದ. ಇಪ್ಪತ್ತು ನಿಮಿಷದ ಕೆಲಸ. ಈಗ ಅಲ್ಲೊಂದು ಗೇಟಿದೆ, ಕೂತವರ ಕೈಗೆ ಎಟಕುವ ಚಿಲಕವಿದೆ. ಫೋನ್ ಮಾಡಿ ಹೇಳಿದೆ. "ಹೌದಾ? ನೋಡೂವ" ಅಂದಳು. ಮತ್ತೆ ಎರಡು ಸಲ ಮಾಡಿದೆ. ಎರಡು ಸಲವೂ "ನೋಡೂವ". ಕಿಟಕಿ ಪಕ್ಕದ ಟೇಬಲ್ಲಿಗೆ ಯಾರೋ ಈಗ ಒಂದು ಕುರ್ಚಿ ತಂದಿಟ್ಟಿದ್ದಾರೆ. ತೆಗೆಸಿ ಎನ್ನಲು ನನಗೆ ಬಾಯಿಲ್ಲ.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಆ ಬೆಳಿಗ್ಗೆಯೇ, ಬೆನ್ನ ಕಡೆಯಿಂದ. ಕುರ್ಚಿ ತಿರುಗಿಸಿಕೊಂಡು, ಎರಡೂ ಕೈಯಲ್ಲಿ ಗಾಲಿಯನ್ನು ತಡೆತಡೆದು ಇಳಿದಳು. ಚೌಕದಲ್ಲಿ ತಿರುಗಿದಳು, ಮೇಲೆ ನೋಡಲಿಲ್ಲ. ಎಲ್ಲೂ ಜಾರಲಿಲ್ಲ. ಯಾರೂ ಹಿಡಿಯಬೇಕಾಗಲಿಲ್ಲ.

ಇಳಿಜಾರು ಸರಿಯಾಗಿಯೇ ಇತ್ತು.